ಉದ್ದನೆಯ ಗೋರಿಗೆ ರಬಕವಿಯ ಚಾದರ

ರಬಕವಿಯ ನೇಕಾರ ನಾಮದೇವನಿಗೂ ನೂಲಿಗೆ ಬಣ್ಣ ಹಾಕುವ ಬಂದಗೀಸಾಬನಿಗೂ ಹುಡುಗತನದ ಗೆಳೆತನ. ಅವನು ಅದ್ದಿ ಒಣಹಾಕಿದ ನೂಲನ್ನು ಇವನು ನೇಯುತ್ತ, ಸಂಜೆಯಾದರೆ ಒಂದೇ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತ ಇಬ್ಬರ ತಲೆಯೂ ನರೆತಿತ್ತು. ಬಂದಗೀಸಾಬನ ಮಗಳಿಗೆ ಮದುವೆಯಾಗಿ ಬಹಳ ವರ್ಷ ಮಕ್ಕಳಾಗಿರಲಿಲ್ಲ. ಭಿಕ್ಷೆಗೆ ಬಂದ ಫಕೀರನೊಬ್ಬ ರಾಮೇಶ್ವರದ ದ್ವೀಪದಲ್ಲಿ ಒಂದು ಹಳೆಯ ದರ್ಗಾ ಇದೆಯೆಂದೂ ಅಲ್ಲಿಯ ಗೋರಿಗೆ ಚಾದರ ಹೊದಿಸುವುದಾಗಿ ಹರಸಿಕೊಳ್ಳಬೇಕೆಂದೂ ಹೇಳಿ ಹೋಗಿದ್ದ. ಬಂದಗೀಸಾಬ ಹಾಗೆಯೇ ಹರಸಿಕೊಂಡ. ಎಪ್ಪತ್ತೆಂಟನೆಯ ಇಸವಿಯಲ್ಲಿ ಮೊಮ್ಮಗಳು ಹುಟ್ಟಿದಳು. ಅದೇ ಚಳಿಗಾಲದಲ್ಲಿ ಜಮಖಂಡಿಯ ನಿವೃತ್ತ ಶಿಕ್ಷಕ ಹೊಳೆಪ್ಪ ಮಾಸ್ತರರು ರಾಮೇಶ್ವರ ಯಾತ್ರೆಗೆ ಬಸ್ಸು ಹೊರಡಿಸಿದರು. ನಾಮದೇವ, ಅವನ ಹೆಂಡತಿ ತಾರವ್ವ, ಬಂದಗೀಸಾಬ ಮೂವರೂ ಸೀಟು ಹಿಡಿದರು.

ಹೊರಡಲು ವಾರವಿರುವಾಗ ಬಿಸಿ ಬಣ್ಣದ ಹಂಡೆ ಬಂದಗೀಸಾಬನ ಪಾದದ ಮೇಲೆ ಮಗುಚಿತು. ಪಾದಕ್ಕೆ ಬಟ್ಟೆ ಸುತ್ತಿಕೊಂಡು ಕೂತವನು ತಾನೇ ಅದ್ದಿದ ಹಸಿರು ನೂಲನ್ನು ಗೆಳೆಯನ ಮಡಿಲಿಗೆ ಹಾಕಿದ.

"ನನ್ನ ಬದ್ಲಿ ನೀನ ಚಾದರ ನೇಯ್ದು ಹೊಚ್ಚಿ ಬಾ."

"ತಲಿಯಿಂದ ಕಾಲತನಕ ಹೊಚ್ಚಿ ಬರ್ತೀನಿ," ಎಂದ ನಾಮದೇವ. "ಒಂದ ಬೆರಳ ಜಾಗಾನೂ ಬಿಡೂದಿಲ್ಲ. ಬಿಟ್ಟರ ಮಗ್ಗಾ ಮುಟ್ಟೂದಿಲ್ಲ ನೋಡು."

ಹಾಗೆಂದವನು ಜಮಖಂಡಿಯ ಒಂದು ದರ್ಗಾಕ್ಕೆ ಹೋಗಿ ಗೋರಿಯನ್ನು ಕಣ್ಣಳತೆಯಲ್ಲಿ ನೋಡಿಬಂದ. ಇರಲಿ ಎಂದು ಒಂದು ಮೊಳ ಹೆಚ್ಚಿಗೆ ಸೇರಿಸಿ, ಅಂಚಿಗೆ ಜರಿ ಕೊಟ್ಟು, ಹಗಲೆಲ್ಲ ಕೂತು ನೇಯ್ದ. ನೇಯ್ದದ್ದನ್ನು ಓಣಿಯಲ್ಲಿ ಹೋಗಿಬರುವವರಿಗೆಲ್ಲ ಬಿಡಿಸಿ ತೋರಿಸಿದ. ಅಷ್ಟು ತೋರಿಸಬೇಡಿರೆಂದು ತಾರವ್ವ ಹೇಳಿದ್ದನ್ನು ಅವನು ಕಿವಿಗೆ ಹಾಕಿಕೊಳ್ಳಲಿಲ್ಲ.

ಬಸ್ಸಿನಲ್ಲಿ ಬಂದಗೀಸಾಬನ ಜಾಗಕ್ಕೆ ಬಂದು ಕೂತವನು ಬನಹಟ್ಟಿಯ ಬಟ್ಟೆ ವ್ಯಾಪಾರಿ ಗಂಗಾರಾಮ. ಅವನ ತೊಡೆಯ ಮೇಲೊಂದು ದೊಡ್ಡ ಗಂಟು. ಯಾರಾದರೂ ಮೇಲಿಡಲು ಕೈ ಹಾಕಿದರೆ ಥಟ್ಟನೆ ಅಪ್ಪಿಕೊಳ್ಳುತ್ತಿದ್ದ.

"ರೊಟ್ಟಿ, ಶೇಂಗಾ ಹಿಂಡಿ ಅದಾವರಿ. ನನಗ ಆ ಕಡೀ ಅನ್ನ ಒಗ್ಗೂದಿಲ್ಲ," ಎನ್ನುತ್ತಿದ್ದ.

ಮಧುರೆಯಲ್ಲಿ ಅವನು ಬಾಳೆಲೆ ತುಂಬ ಅನ್ನ ಹಾಕಿಸಿಕೊಂಡು, ಸಾರು ಸುರಿಸಿಕೊಂಡು, ಇನ್ನಷ್ಟು ಕೇಳಿ ಉಂಡದ್ದನ್ನು ತಾರವ್ವ ನೋಡಿದಳು. ಗಂಟು ಬಿಚ್ಚಲೇ ಇಲ್ಲ. ಅವಳು ಗಂಡನ ಪಕ್ಕೆಗೊಮ್ಮೆ ತಿವಿದಳು.

ಆ ಕಾಲಕ್ಕೆ ದ್ವೀಪಕ್ಕೆ ಬಸ್ಸಿನ ದಾರಿ ಇರಲಿಲ್ಲ. ಮಂಟಪದಲ್ಲಿ ಬಸ್ಸು ಬಿಟ್ಟು ರೈಲು ಹತ್ತಬೇಕಾಗಿತ್ತು. ರೈಲು ಸೇತುವೆಗೆ ಬಂದಾಗ ಸಾವಕಾಶವಾಗಿ, ನೆಲವನ್ನು ತಡವಿ ನೋಡುವ ಮುದುಕಿಯ ಹಾಗೆ ಚಲಿಸಿತು. ಎರಡೂ ಕಡೆ ಕಟಕಟೆ ಇಲ್ಲ, ಕೆಳಗೆ ನೀರು, ಮುಂದೆ ನೀರು. ಕೃಷ್ಣಾ ಹೊಳೆಯ ಮಹಾಪೂರ ಕಂಡ ನಾಮದೇವ ಇಲ್ಲಿ ಕಣ್ಣು ಮುಚ್ಚಿ ಕೂತ. ತಾರವ್ವ ಮಾತ್ರ ಕಿಟಕಿಯ ಸರಳು ಹಿಡಿದು ಮುಖ ಹೊರಗೆ ಹಾಕಿದ್ದಳು.

"ಏನ್ರೀ, ಕಣ್ಣ ತಗೀರಿ. ಇದಕ್ಕ ದಂಡೀನ ಇಲ್ಲ."

"ದಂಡಿ ಬಂದಮ್ಯಾಲೆ ಹೇಳು, ತಗೀತೀನಿ."

ಗುಡಿಯಲ್ಲಿ ಹೊಳೆಪ್ಪ ಮಾಸ್ತರರು ಕುರಿಮಂದೆ ನಡೆಸಿದಂತೆ ಎಲ್ಲರನ್ನೂ ನಡೆಸಿದರು. ತೀರ್ಥದ ಬಾವಿಗಳಿಗೆ ಒಂದಾದ ಮೇಲೊಂದು ಓಡುವುದು, ಬಾವಿಯ ಮೇಲೆ ನಿಂತವನು ಕೊಡದಿಂದ ದೊಪ್ಪನೆ ನೀರು ಸುರಿಯುವುದು, ಉಸಿರು ಬಿಡುವುದರೊಳಗೆ ಮುಂದಿನದಕ್ಕೆ ಓಡುವುದು. ಒಂದರ ನೀರು ತಣ್ಣಗೆ, ಇನ್ನೊಂದರದು ಬೆಚ್ಚಗೆ, ಸಮುದ್ರ ಅಷ್ಟು ಹತ್ತಿರವಿದ್ದರೂ ಯಾವುದೂ ಉಪ್ಪಲ್ಲ. ಶಾಲೆ ಬಿಟ್ಟೊಡನೆ ಹೊರಬಿದ್ದ ಹುಡುಗಿಯ ಹಾಗೆ ನಗುತ್ತ ಓಡಿದ ತಾರವ್ವ ಒಂದೆರಡು ಬಾವಿಗೆ ಎರಡೆರಡು ಸಲ ತಲೆ ಒಡ್ಡಿದಳು. ಮಡಿಬಟ್ಟೆ ಉಟ್ಟು, ದರ್ಶನ ಮುಗಿಸಿ ಪ್ರಾಕಾರದಲ್ಲಿ ಬಂದಾಗ ನಾಮದೇವ ನಿಂತುಬಿಟ್ಟ. ಕಂಬಗಳ ಸಾಲು ಕಣ್ಣು ಹೋಗುವಷ್ಟು ದೂರ ಹೋಗಿ ಅಲ್ಲಿ ಒಂದು ಚುಕ್ಕೆಯಾಗಿತ್ತು.

"ಎಷ್ಟ ಉದ್ದ ಐತಿ ನೋಡ. ಓಣ್ಯಾಗ ಹೂಡೂ ನೂಲಿನ ಹಾಸು ಇಲ್ಲಿ ಹೂಡಿದರ ಮಳಿ ಬರಲಿ, ದನಾ ಬರಲಿ, ಒಂದ ಎಳಿ ಕಡಿಯೂದಿಲ್ಲ."

"ದೇವರ ಮುಂದ ನಿಂತಾಗರೆ ಮಗ್ಗಾ ಬಿಡ್ರಿ," ಎಂದಳು ತಾರವ್ವ. ಆದರೆ ಅವಳೂ ಕಂಬದಿಂದ ಕಂಬಕ್ಕೆ ಎಳೆ ಕಟ್ಟುತ್ತ ಮನಸ್ಸಿನಲ್ಲೇ ಆ ತುದಿಗೆ ಹೋಗಿ ಬಂದಿದ್ದಳು.

ಮಧ್ಯಾಹ್ನ ಧನುಷ್ಕೋಟಿಗೆ ಹೊರಡುವುದೆಂದು ನಿಶ್ಚಯವಾಗಿತ್ತು. ಅದಕ್ಕೆ ಮೊದಲು ದರ್ಗಾದ ಕೆಲಸ ಮುಗಿಸಿ ಬರುತ್ತೇನೆಂದು ನಾಮದೇವ ಚಾದರ ಎತ್ತಿಕೊಂಡ, ತಾರವ್ವನೂ ಎದ್ದಳು. ಹೊಳೆಪ್ಪ ಮಾಸ್ತರರು ಗಡಿಯಾರ ನೋಡಿ, "ಲಗೂ ಬರ್ರಿ," ಎಂದರು. ಛತ್ರದ ಕೋಣೆಯಲ್ಲಿ ಒಬ್ಬನೇ ಕೂರಲು ಬೇಸರವೆಂದು ಗಂಗಾರಾಮನೂ ಗಂಟು ಹೊತ್ತು ಜೊತೆಗೆ ಬಂದ. ಬಿಟ್ಟು ಬಂದರೆ ಇಲಿ ರೊಟ್ಟಿ ತಿಂದಾವು ಎಂಬುದು ಅವನ ಕಾರಣ.

ದರ್ಗಾ ರೈಲು ನಿಲ್ದಾಣದಿಂದ ದೂರವಿರಲಿಲ್ಲ. ಅಂಗಳದಲ್ಲಿ ಮರದ ನೆರಳು, ಸಮುದ್ರದ ಗಾಳಿ. ದರ್ಗಾ ನೋಡಿಕೊಳ್ಳುವ ಬೆಳ್ಳಗಿನ ಗಡ್ಡದ ಮುಜಾವರನಿಗೆ ತಮಿಳಿನ ಜೊತೆ ಉರ್ದುವೂ ಬರುತ್ತಿತ್ತು. ಮೂರು ದಿನದಿಂದ ಈ ಕಡೆಯವರ ಮಾತು ತಿಳಿಯದೆ ಬರೀ ಕೈಸನ್ನೆಯಲ್ಲಿ ಬದುಕಿದ್ದ ನಾಮದೇವ, ಬಂದಗೀಸಾಬನಿಂದ ಕಲಿತ ರಬಕವಿಯ ಉರ್ದುವಿನಲ್ಲಿ ಹರಕೆಯ ಕತೆಯನ್ನೆಲ್ಲ ಖುಷಿಯಿಂದ ಹೇಳಿದ. ಮುಜಾವರ ತಲೆದೂಗಿ ಒಳಗೆ ಕರೆದೊಯ್ದ.

ಒಳಗೆ ಹೋದ ನಾಮದೇವ ಬಾಗಿಲಲ್ಲೇ ತಡೆದು ನಿಂತ. ಗೋರಿ ಅವನ ಕಾಲ ಬಳಿ ಶುರುವಾಗಿ, ಮುಂದೆ ಮುಂದೆ ಹೋಗಿ, ಎಲ್ಲೋ ಆ ಗೋಡೆಯ ಹತ್ತಿರ ಮುಗಿದಿತ್ತು. ರಬಕವಿಯ ಅವನ ಮನೆ, ಪಕ್ಕದ ಮನೆ ಎರಡನ್ನೂ ಸೇರಿಸಿ ಅಳೆದರೂ ಅಷ್ಟು ಉದ್ದವಾಗುತ್ತಿರಲಿಲ್ಲ. ಅಂಥದ್ದು ಒಂದಲ್ಲ, ಎರಡು. ಜಗತ್ತಿನ ಮೊಟ್ಟಮೊದಲ ಮನುಷ್ಯನ ಇಬ್ಬರು ಗಂಡುಮಕ್ಕಳು, ಅಣ್ಣತಮ್ಮಂದಿರು, ಇಲ್ಲಿ ಮಲಗಿದ್ದಾರೆಂಬುದು ಊರಿನವರ ನಂಬಿಕೆ ಎಂದು ಮುಜಾವರ ಹೇಳಿದ. ಆ ಕಾಲದ ಜನ ತಾಳೆಮರದಷ್ಟು ಎತ್ತರವಿದ್ದರಂತೆ.

ನಾಮದೇವ ಚಾದರ ಬಿಡಿಸಿ ತಲೆಯ ಕಡೆ ಹೊದಿಸಿದ. ದೊಡ್ಡವರ ಹಾಸಿಗೆಯ ಮೇಲೆ ಕೂಸಿನ ಕೌದಿ ಹಾಸಿದಂತಾಯಿತು. ತಾರವ್ವ ನಗು ತಡೆಯಲಾಗದೆ ಸೆರಗು ಬಾಯಿಗೆ ಒತ್ತಿಕೊಂಡಳು.

"ಸಾಕು, ಇಷ್ಟೇ ಸಾಕು," ಎಂದ ಮುಜಾವರ. "ಒಂದು ಕರವಸ್ತ್ರ ಹಾಕಿದರೂ ಹರಕೆ ಸಲ್ಲುತ್ತದೆ."

ನಾಮದೇವ ಹೊರಗಿನ ಕಟ್ಟೆಗೆ ಬಂದು ಟೊಪ್ಪಿಗೆ ತೆಗೆದು ಕೂತ.

"ಬೆರಳ ಜಾಗಾ ಬಿಡೂದಿಲ್ಲ ಅಂತ ಹೇಳಿ ಬಂದೀನಿ. ಈಗ ಊರಿಗಿ ಹೋಗಿ ಅವಗ ಏನಂತ ಹೇಳಲಿ? ಬರೇ ಹಣಿ ಮುಚ್ಚಿ ಬಂದೀನಿ ಅಂತ ಹೇಳಲ್ಯಾ?"

ಗಂಡ ಬಾಯಿಬಡುಕನೆಂದು ತಾರವ್ವ ಊರಲ್ಲಿ ಎಷ್ಟೋ ಸಲ ಬೈದಿದ್ದಳು. ಈಗ ಅವನ ಮುಖ ನೋಡಿ ನಗು ನಿಂತಿತು. ಅವಳು ಎದ್ದು ಗಂಗಾರಾಮನ ಎದುರಿಗೆ ಹೋಗಿ ನಿಂತಳು.

"ಗಂಗಾರಾಮಣ್ಣಾ, ನಿಮ್ಮ ರೊಟ್ಟಿ ಗಂಟ ಬಿಚ್ಚರಿ."

"ಈಗ್ಯಾಕ ತಂಗಿ? ಹಸಿವಿ ಆಗೇತೇನು?"

"ಜಮಖಂಡಿ ದಾಟಿದಾಗಿಂದ ನನ್ನ ಮೂಗಿಗಿ ಗಂಜಿ ವಾಸನಿ ಬರಾಕತ್ತೇತಿ. ಹೊಸಾ ಸೀರಿದು. ನಾ ನೇಕಾರ ಮನ್ಯಾಕಿ. ನೀವು ರೊಟ್ಟಿಗೆ ಗಂಜಿ ಹಾಕತೀರೇನು?"

ಗಂಗಾರಾಮ ಮುಜಾವರನನ್ನು ನೋಡಿದ, ಮರ ನೋಡಿದ, ಕೊನೆಗೆ ಗಂಟನ್ನೇ ನೋಡಿದ. ಮಧುರೆಯಲ್ಲಿ ಒಂದು ಅಂಗಡಿಗೆ ತೋರಿಸೋಣವೆಂದು ತಂದಿದ್ದೆ, ಮಾಸ್ತರರು ಅಲ್ಲಿ ಪುರುಸೊತ್ತೇ ಕೊಡಲಿಲ್ಲ, ಯಾತ್ರೆಯಲ್ಲಿ ವ್ಯಾಪಾರ ಮಾಡುತ್ತಾನೆಂದು ಜನ ಆಡಿಕೊಂಡಾರೆಂದು ಬಾಯಿ ಬಿಡಲಿಲ್ಲ ಎಂದು ತಡೆತಡೆದು ಹೇಳಿದ. ಗಂಟು ಬಿಚ್ಚಿದಾಗ ಒಳಗಿದ್ದದ್ದೆಲ್ಲ ಹದಿನೆಂಟು ಮೊಳದ ಸೀರೆಗಳು. ಮೇಲಿನ ಕೆಂಪು, ನೀಲಿ ಸೀರೆಗಳ ಕೆಳಗೆ ಅಚ್ಚ ಹಸಿರಿನ ನಾಲ್ಕು ಇದ್ದವು. ನಾಮದೇವ ಒಂದನ್ನು ಎತ್ತಿ ಬೆಳಕಿಗೆ ಹಿಡಿದು ಚಾದರದ ಅಂಚಿನೊಂದಿಗೆ ಕೂಡಿಸಿ ನೋಡಿದ.

"ಇದು ಬಂದಗ್ಯಾನ ಹಸರ."

"ಹೌದಪಾ. ದೀಪಾವಳಿ ಮುಂದ ಅವನ ಕಡೆನ ನೂಲ ಅದ್ದಿಸಿದ್ದೆ," ಎಂದ ಗಂಗಾರಾಮ.

ಆ ಮಾತು ಆಡಿದವನೇ ಸೀರೆಯ ಮೇಲೊಮ್ಮೆ ಕೈ ಆಡಿಸಿದ. ಆಮೇಲೆ ಎರಡು ಹಸಿರು ಸೀರೆ ತೆಗೆದು ತಾರವ್ವನ ಕೈಗಿಟ್ಟ. ತಾರವ್ವ ಚಾಚಿದ ಕೈ ಹಿಂದೆ ತೆಗೆಯಲಿಲ್ಲ.

"ಅಣ್ಣಗ ಹೊಚ್ಚಿ ತಮ್ಮಗ ಬಿಟ್ಟರ ಹೆಂಗರಿ? ಅವನೂ ಒಂದ ತಾಯಿ ಮಗಾನ ಅಲ್ಲಾ?"

ಗಂಗಾರಾಮ ಉಳಿದೆರಡನ್ನೂ ಕೊಟ್ಟ. "ಕತ್ತರಿ ಮಾತ್ರ ಹಾಕಬ್ಯಾಡ ತಂಗಿ, ಸೆರಗಿಗೆ ಭಾಳ ಖಟಪಟಿ ಮಾಡೀನಿ," ಎಂದು ಬೇಡಿಕೊಂಡ.

"ಕತ್ತರಿ ಯಾಕ? ಸೆರಗ ಒಳಗ ಮಡಚತೀನಿ."

ಹೆಂಗಸರು ಉಡುವ ಸೀರೆ ನಡೆಯುತ್ತದೆಯೇ ಎಂದು ನಾಮದೇವ ಅಳುಕುತ್ತ ಕೇಳಿದ. ಮುಜಾವರ ಗಡ್ಡ ನೀವಿಕೊಂಡು, ಇನ್ನೂ ಯಾರೂ ಉಡದ್ದು ಸೀರೆ ಅಲ್ಲ, ಬಟ್ಟೆ ಎಂದ.

ತಾರವ್ವ ಚಂಚಿಯಿಂದ ಸೂಜಿದಾರ ತೆಗೆದು ಕಟ್ಟೆಯ ಮೇಲೆ ಕೂತಳು. ದರ್ಗಾಕ್ಕೆ ಬಂದಿದ್ದ ದ್ವೀಪದ ಹೆಂಗಸರು ಮೊದಲು ದೂರ ನಿಂತು ನೋಡಿದರು. ಮೀನುಗಾರರ ಮನೆಯ ಒಬ್ಬ ಮುದುಕಿ ಹತ್ತಿರ ಬಂದು ಸೀರೆಯ ಅಂಚನ್ನು ಬೆರಳಲ್ಲಿ ಉಜ್ಜಿ ನೋಡಿ, ಏನೋ ಹೇಳಿ, ಇನ್ನೊಂದು ತುದಿ ಹಿಡಿದು ಕೂತಳು. ಬಲೆ ಹೊಲಿಯುವ ಕೈ ಅದು, ಹೊಲಿಗೆ ಬಿಗಿಯಾಗಿ ಓಡಿತು. ಮತ್ತಿಬ್ಬರು ಮನೆಗೆ ಹೋಗಿ ಸೂಜಿ ತಂದರು. ಅವರು ತಮಿಳಿನಲ್ಲಿ ಮಾತಾಡಿದರು, ತಾರವ್ವ ರಬಕವಿಯ ಕನ್ನಡದಲ್ಲಿ ಮಾತಾಡಿದಳು. ಮಕ್ಕಳೆಷ್ಟು, ಸೊಸೆ ಹೇಗೆ ಎಂಬುದೆಲ್ಲ ಹೇಗೋ ಎರಡೂ ಕಡೆ ತಿಳಿಯಿತು.

ಹುಡುಕಿಕೊಂಡು ಬಂದ ಹೊಳೆಪ್ಪ ಮಾಸ್ತರರು ಬಾಗಿಲಲ್ಲಿ ನಿಂತು ಗದರಲು ಬಾಯಿ ತೆರೆದರು. ಅಷ್ಟರಲ್ಲಿ ಗಂಗಾರಾಮ ಅವರ ಕೈಗೊಂದು ಹಸಿರು ತುದಿ ಕೊಟ್ಟು, "ಸರ, ಸ್ವಲ್ಪ ಜಗ್ಗಿ ಹಿಡೀರಿ, ನಿರಿಗಿ ಬೀಳಬಾರದು," ಎಂದ. ಮಾಸ್ತರರು ಜಗ್ಗಿ ಹಿಡಿದರು.

ಹೊದಿಸುವಾಗ ಎಲ್ಲರೂ ಸಾಲಾಗಿ ನಿಂತು ಬಟ್ಟೆಯನ್ನು ಮೇಲೆತ್ತಿದರು. ಗಾಳಿ ತುಂಬಿ ಅದು ಒಮ್ಮೆ ಉಬ್ಬಿ, ಆಮೇಲೆ ಮೆಲ್ಲಗೆ ಗೋರಿಯ ಮೇಲೆ ಇಳಿಯಿತು. ತಲೆಯ ಕಡೆ ನಾಮದೇವನ ಚಾದರ, ಮುಂದೆ ಕಾಲಿನತನಕ ಅದೇ ಹಸಿರು. ಎರಡನೆಯದಕ್ಕೆ ಉಳಿದೆರಡು ಸೀರೆಗಳನ್ನೇ ತಲೆಯಿಂದ ಕಾಲತನಕ ಹೊದಿಸಿದರು. ಮುಜಾವರ ಮೊಮ್ಮಗಳ ಹೆಸರು ಕೇಳಿ ದುವಾ ಓದಿದ. ನಾಮದೇವ ಗೋರಿಯ ಸುತ್ತ ಬಗ್ಗಿ ಬಗ್ಗಿ ನೋಡುತ್ತ ಬಂದು, ಕಾಲ ಕಡೆ ಒಂದು ಮಡಿಕೆಯನ್ನು ಸರಿಪಡಿಸಿ, ಕೈಮುಗಿದ. ಅವನ ಕಣ್ಣುಗಳು ಒದ್ದೆಯಾಗಿದ್ದವು. ಲೋಬಾನದ ಹೊಗೆ ಎಂದ.

ಊರಿಗೆ ಮರಳಿದ ಮೇಲೆ ಬಂದಗೀಸಾಬ ಇದನ್ನೆಲ್ಲ ಕೇಳಿ ಬಿದ್ದು ಬಿದ್ದು ನಕ್ಕ. ಬಹಳ ಉದ್ದ ಇವೆ ಎಂದು ಫಕೀರ ಅವನಿಗೆ ಹೇಳಿದ್ದನಂತೆ, ಫಕೀರರು ಎಲ್ಲವನ್ನೂ ಉದ್ದ ಮಾಡಿಯೇ ಹೇಳುತ್ತಾರೆಂದು ಇವನು ನಂಬಿರಲಿಲ್ಲವಂತೆ. ಅದು ಆಮೇಲಿನ ಮಾತು.

ಆ ದಿನ ಗಂಗಾರಾಮನ ಉಳಿದ ಸೀರೆಗಳೆಲ್ಲ ದರ್ಗಾದ ಅಂಗಳದಲ್ಲೇ ಖಾಲಿಯಾದವು. ಹದಿನೆಂಟು ಮೊಳದ ಉದ್ದ ನೋಡಿ ದ್ವೀಪದ ಹೆಂಗಸರು ನಕ್ಕು, ನೆರೆಮನೆಯವರು ಇಬ್ಬಿಬ್ಬರು ಸೇರಿ ಒಂದೊಂದನ್ನು ಕೊಂಡು ಹಂಚಿಕೊಂಡರು. ಕತ್ತರಿ ಹಾಕುವಾಗ ಗಂಗಾರಾಮ ಆ ಕಡೆ ಮುಖ ತಿರುಗಿಸಿ ನಿಂತಿದ್ದ.

ಧನುಷ್ಕೋಟಿಗೆ ಹೋಗಲು ಮಾಸ್ತರರು ಗೊತ್ತು ಮಾಡಿದ್ದ ಜೀಪುಗಳು ಅಷ್ಟೊತ್ತಿಗೆ ಬೇರೆಯವರನ್ನು ಹತ್ತಿಸಿಕೊಂಡು ಹೋಗಿದ್ದವು. ಬಲೆ ಹೊಲಿಯುವ ಮುದುಕಿ ತನ್ನ ಮಗನ ಮೀನಿನ ಲಾರಿ ನಿಲ್ಲಿಸಿ ಇಡೀ ಯಾತ್ರೆಯನ್ನೇ ಹಿಂದೆ ಹತ್ತಿಸಿದಳು. ಮೀನಿನ ವಾಸನೆಗೆ ಮೂಗು ಮುಚ್ಚಿಕೊಂಡವರು ಸ್ವಲ್ಪ ಹೊತ್ತಿನಲ್ಲಿ ಮರೆತು ಹಾಡತೊಡಗಿದರು. ಲಾರಿ ಮರಳಲ್ಲಿ ತೂರಾಡುತ್ತ, ಹಳೆಯ ಬಿರುಗಾಳಿಗೆ ಹಾಳಾದ ಚರ್ಚಿನ ಗೋಡೆಗಳನ್ನೂ ಮರಳು ನುಂಗಿದ ರೈಲು ನಿಲ್ದಾಣವನ್ನೂ ದಾಟಿ, ನೆಲ ಮುಗಿಯುವಲ್ಲಿ ನಿಂತಿತು.

ಎಡಗಡೆ ಒಂದು ಸಮುದ್ರ, ಕೆರೆಯ ಹಾಗೆ ತಣ್ಣಗೆ ಮಲಗಿತ್ತು. ಬಲಗಡೆ ಇನ್ನೊಂದು, ತೆರೆ ಎತ್ತಿ ಎತ್ತಿ ಹಾಕುತ್ತಿತ್ತು. ನಡುವೆ ಮರಳಿನ ಸಣ್ಣ ಪಟ್ಟಿ. ತಾರವ್ವ ಸೀರೆ ಮೇಲೆತ್ತಿ ಕಟ್ಟಿ ಆ ಪಟ್ಟಿಯ ಮೇಲೆ ತುದಿತನಕ ನಡೆದಳು. ನಾಮದೇವನೂ ಹಿಂದೆ ಹೋದ. ತೆರೆಯೊಂದು ಬಂದು ಮೊಣಕಾಲಿಗೆ ಬಡಿದಾಗ ಅವನು ಅವಳ ರಟ್ಟೆ ಹಿಡಿದ. ಮದುವೆಯ ದಿನ ಬಿಟ್ಟರೆ ಹತ್ತು ಜನರ ಎದುರು ಅವನು ಅವಳ ಕೈ ಹಿಡಿದದ್ದಿಲ್ಲ.

"ಸಾಕ ನಡಿ, ಲಾರಿ ಹೊಂಟೀತು."

"ಹೋದರ ಹೋಗವಲ್ದ್ಯಾಕ. ಅದು ಮೀನ ತರಾಕ ಮತ್ತ ಬರತೈತೆಲ್ಲ."

ಲಾರಿ ಹಾರ್ನ್ ಹೊಡೆಯಿತು. ತಾರವ್ವ ತಿರುಗಿ ನೋಡದೆ ಒದ್ದೆ ಮರಳಿನ ಮೇಲೆ ಕಾಲು ಚಾಚಿ ಕೂತಳು. ನಾಮದೇವ ಒಂದು ಕ್ಷಣ ಲಾರಿಯ ಕಡೆ, ಒಂದು ಕ್ಷಣ ಅವಳ ಕಡೆ ನೋಡಿ, ಧೋತರ ಒದ್ದೆಯಾಗುವುದನ್ನೂ ಲೆಕ್ಕಿಸದೆ ಪಕ್ಕದಲ್ಲಿ ಕೂತ. ಇನ್ನೊಂದು ತೆರೆ ಬರುವುದು ದೂರದಿಂದಲೇ ಕಾಣುತ್ತಿತ್ತು.