ಲ್ಯಾಂಪು ಹಿಡಿದವನು

ನರಿ ಹೊಡೆದವನ ಹೆಸರು ಊರಿಗೆಲ್ಲ ಗೊತ್ತಾಗುತ್ತದೆ. ಲ್ಯಾಂಪು ಹಿಡಿದವನ ಹೆಸರನ್ನು ಯಾರೂ ಕೇಳುವುದಿಲ್ಲ. ಕೇಳಲಿ ಬಿಡಲಿ, ನಾನೇ ಹೇಳುತ್ತೇನೆ: ಕ್ಲೆಮ್. ಹನ್ನೊಂದು ಚಳಿಗಾಲ ಐಲೀನ್ ಹಾರ್ಟಿಗನ್‌ಳ ಪಿಕಪ್ಪಿನ ಹಿಂಭಾಗದಲ್ಲಿ ನಿಂತು ನರಿಬೇಟೆಗೆ ಲ್ಯಾಂಪು ಹಿಡಿದವನು ನಾನು. ನನ್ನ ಪಕ್ಕದಲ್ಲಿ ರೈಫಲ್ ಹಿಡಿದು ನಿಲ್ಲುತ್ತಿದ್ದವನು ವರ್ನ್ ಟ್ರಿಗಿಯರ್. ಮುಂದೆ ಕೂತು ಗಾಡಿ ಓಡಿಸುತ್ತಿದ್ದವಳು ಐಲೀನ್. ಕುರಿಗಳು ಅವಳವು, ಬೈಗುಳವೂ ಅವಳದೇ. ಈಗ ಹೇಳಹೊರಟಿರುವುದು ನನ್ನ ಮಾನ ಹೋಗುವ ವಿಷಯ. ಹೋಗಲಿ. ಉಳಿದಿರುವುದೂ ಅಷ್ಟಕ್ಕಷ್ಟೆ.

ನಮ್ಮ ಕಡೆ ಜುಲೈ ಅಂದರೆ ನಡುಚಳಿಗಾಲ, ಕುರಿಗಳು ಮರಿ ಹಾಕುವ ಕಾಲ. ನರಿಗಳಿಗೆ ಅದು ನಮಗಿಂತ ಮೊದಲೇ ಗೊತ್ತಾಗುತ್ತದೆ. ಇನ್ನೂ ಮೈ ಒಣಗದ ಮರಿಯ ನಾಲಿಗೆಯನ್ನಷ್ಟೇ ತಿಂದು ಉಳಿದದ್ದನ್ನು ಹಾಗೇ ಬಿಟ್ಟು ಹೋಗುತ್ತವೆ. ಅದಕ್ಕೇ ಆ ತಿಂಗಳು ವಾರಕ್ಕೆ ಮೂರು ನಾಲ್ಕು ರಾತ್ರಿ ನಾವು ಹೊರಡುತ್ತಿದ್ದದ್ದು. ಲ್ಯಾಂಪು ಹಿಡಿಯುವುದು ಸುಲಭ ಅಂತ ನೀವು ಅಂದುಕೊಂಡರೆ ಒಂದು ರಾತ್ರಿ ಬಂದು ಹಿಡಿದು ನೋಡಿ. ಮೊದಲು ಬೆಳಕನ್ನು ಬೇಲಿಯುದ್ದಕ್ಕೂ ಮೆಲ್ಲಗೆ ಗುಡಿಸಿಕೊಂಡು ಹೋಗಬೇಕು. ಎರಡು ಕಣ್ಣು ಹೊಳೆದರೆ ಅದು ಕುರಿಯೋ, ಬೆಕ್ಕೋ, ಯಾರದಾದರೂ ನಾಯಿಯೋ ಎಂದು ನೋಡಬೇಕು. ನರಿಯೇ ಆದರೆ ಬೆಳಕಿನ ಅಂಚನ್ನಷ್ಟೇ ಅದಕ್ಕೆ ತಾಗಿಸಿ ಹಿಡಿಯಬೇಕು, ಇಲ್ಲದಿದ್ದರೆ ಓಟ ಕೀಳುತ್ತದೆ. ಪಕ್ಕದವನು "ಹ್ಞಾಂ" ಎಂದಾಗ ಪೂರ್ತಿ ಬೆಳಕು ಅದರ ಮೇಲೆ ಬೀಳಬೇಕು. ಬಿದ್ದಮೇಲೆ ಅಲುಗಬಾರದು. ಇಲ್ಲಿ ಕೈ ಒಂದು ಬೆರಳಷ್ಟು ಸರಿದರೆ ಅಲ್ಲಿ ಬೆಳಕು ಎರಡು ಆಳುದ್ದ ಸರಿಯುತ್ತದೆ.

ಹನ್ನೊಂದನೇ ವರ್ಷ ಮೊದಲ ವಾರದಲ್ಲೇ ವರ್ನ್ ಹದಿನೇಳು ನರಿ ಹೊಡೆದ. ಶನಿವಾರ ಫುಟ್‌ಬಾಲ್ ಮುಗಿದ ಮೇಲೆ ಕ್ಲಬ್ಬಿನಲ್ಲಿ ಎಲ್ಲರೂ ಅವನ ಸುತ್ತಲೇ. ಒಬ್ಬ ಆಟಗಾರ ಬಿಯರ್ ತಂದುಕೊಟ್ಟು ಕೇಳಿದ, "ಗುಟ್ಟೇನು ವರ್ನ್?"

"ಗುಟ್ಟೇನಿಲ್ಲಪ್ಪ. ಕಣ್ಣು, ಕೈ, ಉಸಿರು. ಮೂರೂ ನೆಟ್ಟಗಿರಬೇಕು."

"ಮತ್ತೆ ಕ್ಲೆಮ್?"

"ಕ್ಲೆಮ್ಮಾ?" ವರ್ನ್ ನನ್ನ ಕಡೆ ತಿರುಗಿ ಕಣ್ಣು ಹೊಡೆದ. "ಲ್ಯಾಂಪಿಗೆ ಒಂದು ಕಂಬ ನೆಟ್ಟರೂ ಕೆಲಸ ನಡೆಯುತ್ತೆ. ಆದ್ರೆ ಕಂಬ ಸ್ಯಾಂಡ್‌ವಿಚ್ ತಿನ್ನಲ್ವಲ್ಲ, ಐಲೀನ್ ಮಾಡಿದ್ದೆಲ್ಲ ಹಾಳಾಗುತ್ತೆ ಅಂತ ಇವನನ್ನ ಇಟ್ಕೊಂಡಿದೀವಿ."

ಎಲ್ಲರೂ ಬಿದ್ದು ಬಿದ್ದು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. 

ವರ್ನ್ ಕೆಟ್ಟವನಲ್ಲ. ನನ್ನ ಬೆನ್ನು ಹಿಡಿದುಕೊಂಡ ವರ್ಷ ತಾನಾಗಿಯೇ ಬಂದು ಎರಡು ದಿನ ನನ್ನ ಕುರಿಗಳ ಉಣ್ಣೆ ಕತ್ತರಿಸಿಕೊಟ್ಟು ಹೋದವನು. ಅವನ ತಮಾಷೆಗಳೇ ಹಾಗೆ, ಹನ್ನೊಂದು ವರ್ಷದಿಂದ ಕೇಳಿದ್ದೇನೆ. ಆದರೆ ಆ ಶನಿವಾರ ಯಾಕೋ ಅದು ಎದೆಯಲ್ಲಿ ಮುರಿದ ಮುಳ್ಳಿನ ಹಾಗೆ ಉಳಿದುಕೊಂಡಿತು. ಕಂಬವಂತೆ! ಹದಿನೇಳು ನರಿಯನ್ನೂ ಮೊದಲು ನೋಡಿದ ಕಣ್ಣು ಯಾರದು?

ಸೋಮವಾರ ರಾತ್ರಿ ಐಲೀನ್‌ಳ ಕೆಳಗಿನ ಬಯಲಲ್ಲಿ ಒಣಗಿದ ಮರದ ಬುಡಕ್ಕೆ ಎರಡು ಕಣ್ಣು ಸಿಕ್ಕಿದವು. ದಪ್ಪ ಬಾಲದ ಹೆಣ್ಣು ನರಿ. ಕ್ಯಾಬಿನ್ ಮೇಲೆ ಎರಡು ಸಲ ತಟ್ಟಿದೆ, ಐಲೀನ್ ಗಾಡಿ ನಿಲ್ಲಿಸಿದಳು. ವರ್ನ್ ಉಸಿರು ಬಿಗಿಹಿಡಿದು "ಹ್ಞಾಂ" ಎಂದ. ಬೆಳಕು ಬಿಟ್ಟೆ. ಅವನ ಬೆರಳು ಟ್ರಿಗರ್ ಮೇಲೆ ಬಿಗಿಯಾಗುವುದು ನನಗೆ ನೋಡದೆಯೂ ಗೊತ್ತಾಗುತ್ತದೆ, ಅಷ್ಟು ವರ್ಷ ಪಕ್ಕದಲ್ಲಿ ನಿಂತಿದ್ದೇನೆ. ಸರಿಯಾಗಿ ಆ ಕ್ಷಣಕ್ಕೆ ಲ್ಯಾಂಪನ್ನು ಒಂದು ಬೆರಳಷ್ಟು ಸರಿಸಿ ಮತ್ತೆ ತಂದೆ.

ಗುಂಡು ಮರಕ್ಕೆ ತಾಗಿತು. ನರಿ ಹೋಯಿತು.

"ಏನಾಯ್ತು?" ಐಲೀನ್ ಕಿಟಕಿಯಿಂದ ತಲೆ ಹೊರಹಾಕಿದಳು.

"ತಪ್ಪಿತು," ಎಂದ ವರ್ನ್. ಆ ಪದ ಅವನಿಗೇ ಹೊಸದು. ನನ್ನ ಕಡೆ ತಿರುಗಿ, "ನೀನೇನು ನೋಡಿದೆ ಕ್ಲೆಮ್?" ಎಂದು ಕೇಳಿದ.

ಹನ್ನೊಂದು ವರ್ಷದಲ್ಲಿ ಅವನು ನನ್ನನ್ನು ಹಾಗೆ ಕೇಳಿದ್ದು ಅದೇ ಮೊದಲು. ನನಗೆ ಎಷ್ಟು ಹಿತವಾಯಿತೆಂದರೆ, ಹೇಳಿಕೊಳ್ಳಲೂ ನಾಚಿಕೆಯಾಗುತ್ತದೆ. "ಸ್ವಲ್ಪ ಎಡಕ್ಕೆ ಹೋಯ್ತೇನೋ," ಅಂದೆ, ದೊಡ್ಡ ಮನುಷ್ಯನ ಹಾಗೆ.

ಒಂದು ಸಲ ಆಟವಾಡಿಸಿ ಮಾರನೇ ದಿನ ಹೇಳಿ ನಗಬೇಕೆಂದಿದ್ದೆ. ಹೇಳಲಿಲ್ಲ. ಬುಧವಾರ ಎರಡು ಸಲ ಹಾಗೇ ಮಾಡಿದೆ.

ಗುರುವಾರ ಬೆಳಿಗ್ಗೆ ಐಲೀನ್ ಫೋನ್ ಮಾಡಿ ಕರೆದಳು. ಒಣಮರದ ಹತ್ತಿರ ಆರು ಮರಿಗಳನ್ನು ಸಾಲಾಗಿ ಮಲಗಿಸಿದ್ದಳು. ಒಂದಕ್ಕೂ ನಾಲಿಗೆ ಇರಲಿಲ್ಲ. ತಾಯಿ ಕುರಿಯೊಂದು ಸ್ವಲ್ಪ ದೂರ ನಿಂತು ಕಾಲು ಕುಟ್ಟುತ್ತಿತ್ತು, ನಮ್ಮನ್ನೇ ನರಿಗಳೆಂದುಕೊಂಡ ಹಾಗೆ. ನನ್ನನ್ನಾದರೂ ಅಂದುಕೊಂಡಿದ್ದರೆ ಅದರ ತಪ್ಪಿಲ್ಲ.

"ವರ್ನ್‌ಗೆ ನಾನು ಇದನ್ನ ತೋರ್ಸಲ್ಲ," ಅಂದಳು ಐಲೀನ್. "ಎದೆ ಒಡ್ಕೋತಾನೆ. ನೀನೇ ನಯವಾಗಿ ಹೇಳಿ ಅವನಿಗೊಂದು ಕನ್ನಡಕ ಹಾಕ್ಸು. ನಯವಾಗಿ ಅಂದೆ, ಕೇಳಿಸ್ತಾ? ನಿಂಗೆ ಅದು ಬರಲ್ಲ ಅಂತ ಗೊತ್ತು."

ನಾನು ಗುಂಡಿ ತೋಡಿಕೊಟ್ಟೆ. ಅವಳು ಪಾಪ, ಟೀ ಕೊಟ್ಟಳು.

ಅದೇ ಮಧ್ಯಾಹ್ನ ವರ್ನ್‌ನ ಮನೆಗೆ ಹೋದೆ, ಈ ಸಲ ಹೇಳಿಯೇ ಬಿಡಬೇಕೆಂದು. ಅವನು ಕೆರೆ ಏರಿಯ ಮೇಲೆ ರಟ್ಟಿನ ಪೆಟ್ಟಿಗೆ ಇಟ್ಟು ರೈಫಲ್ ಪರೀಕ್ಷೆ ಮಾಡುತ್ತಿದ್ದ. ಹತ್ತಿರ ಹೋಗಿ ನೋಡಿದರೆ ಮೂರು ಗುಂಡಿನ ತೂತೂ ಒಂದು ನಾಣ್ಯ ಮುಚ್ಚುವಷ್ಟು ಜಾಗದಲ್ಲಿ ಇದ್ದವು. ಬೇರೆ ಯಾರಾದರೂ ಆಗಿದ್ದರೆ ಕುಣಿದುಬಿಡುತ್ತಿದ್ದರು. ಅವನ ಮುಖ ಬಿಳಿಚಿಕೊಂಡಿತ್ತು.

"ರೈಫಲ್‌ಗೆ ಏನೂ ಆಗಿಲ್ಲ," ಅಂದ. "ಅಂದ್ರೆ ನಂಗೇ ಏನೋ ಆಗಿದೆ."

"ಹಗಲಲ್ಲಿ ಚೆನ್ನಾಗೇ ಹೊಡೀತಿದೀಯಲ್ಲ..."

"ಹಗಲಲ್ಲಿ. ಒರಗಿಕೊಂಡು. ರಾತ್ರಿ ಏನಾಗ್ತಿದೆ ಗೊತ್ತಾ? ಗುಂಡು ಹಾರೋ ಹೊತ್ತಿಗೆ ಸರಿಯಾಗಿ ಕಣ್ಣಿಗೆ ಕತ್ತಲೆ ಬರುತ್ತೆ ಕಣೋ. ನರಿ ಮಾಯ ಆಗಿ ಮತ್ತೆ ಬರುತ್ತೆ." ಅವನು ಬಲಗೈಯನ್ನು ಮುಂದೆ ಚಾಚಿ ಬಹಳ ಹೊತ್ತು ನೋಡಿದ. ಕೈ ನಡುಗುತ್ತಿರಲಿಲ್ಲ. ಆದರೂ ನಡುಗುತ್ತಿದೆಯೇನೋ ಎಂಬಂತೆ ಜೇಬಿಗೆ ತುರುಕಿಕೊಂಡ. "ರಾಸ್‌ಗೂ ಹೀಗೇ ಶುರುವಾಗಿದ್ದು."

ರಾಸ್ ಅವನ ಅಣ್ಣ, ನರಗಳ ಕಾಯಿಲೆಯಲ್ಲಿ ತೀರಿಹೋದವನು. ಮೊದಲು ಕಣ್ಣಿಗೆ ಕತ್ತಲೆ ಬರುತ್ತಿತ್ತು, ಆಮೇಲೆ ಅಂಗಿಯ ಗುಂಡಿ ಹಾಕಲಾಗಲಿಲ್ಲ, ಲೋಟ ಹಿಡಿಯಲಾಗಲಿಲ್ಲ, ಕೊನೆಗೆ ಉಗುಳು ನುಂಗಲೂ ಆಗಲಿಲ್ಲ. ಆರು ವರ್ಷ ಇದೇ ಮನೆಯ ಹಿಂದಿನ ಕೋಣೆಯಲ್ಲಿ ಮಲಗಿದ್ದ. ಅವನಿಗೆ ಚಮಚದಲ್ಲಿ ಉಣಿಸಿ, ಒರೆಸಿ, ಹೊರಳಿಸಿ ಮಲಗಿಸಿದವಳು ವರ್ನ್‌ನ ಹೆಂಡತಿ ಜಾಯ್ಸ್.

ಆಗ ಹೇಳಬೇಕಿತ್ತು. ಬಾಯಿ ತೆರೆದದ್ದೂ ನಿಜ. ಆದರೆ ಹೇಳಿದರೆ ಆರು ಮರಿಗಳೂ ನನ್ನ ತಲೆಗೆ ಬರುತ್ತಿದ್ದವು, ಕ್ಲಬ್ಬಿನಲ್ಲಿ ಮುಖ ಎತ್ತಿ ನಡೆಯುವ ಹಾಗಿರಲಿಲ್ಲ. ಇನ್ನು ಮುಂದೆ ಲ್ಯಾಂಪನ್ನು ನೆಟ್ಟಗೆ ಹಿಡಿದುಬಿಡುತ್ತೇನೆ, ಅವನು ಮತ್ತೆ ಹೊಡೆಯುತ್ತಾನೆ, ಎಲ್ಲ ತಾನಾಗಿ ಸರಿಹೋಗುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಹೇಡಿಗೆ ಉಪಾಯಗಳು ಬಹಳ ಬೇಗ ಹೊಳೆಯುತ್ತವೆ.

ಶುಕ್ರವಾರ ರಾತ್ರಿ ಲ್ಯಾಂಪು ಹಿಡಿದೆ ನೋಡಿ, ಬಂಡೆಯ ಹಾಗೆ ಹಿಡಿದೆ. ವರ್ನ್ ಗುರಿ ತಪ್ಪಿದ. ಮತ್ತೊಂದು ನರಿ ಸಿಕ್ಕಿತು, ಅದೂ ತಪ್ಪಿತು. ಕತ್ತಲೆ ಬರುವ ಮೊದಲೇ ಹೊಡೆದುಬಿಡಬೇಕೆಂಬ ಆತುರ ಅವನಿಗೆ, ಬೆರಳು ಟ್ರಿಗರನ್ನು ಮೆಲ್ಲಗೆ ಒತ್ತುವ ಬದಲು ತಟ್ಟನೆ ಎಳೆದುಬಿಡುತ್ತಿತ್ತು. ಹಿಂದೆ ನಾನು ತಪ್ಪಿಸಿದ್ದೆ. ಈಗ ನಾನು ಬೇಡವೆಂದರೂ ಅವನು ತಪ್ಪುತ್ತಿದ್ದ. ಮುಂದಿನ ವಾರವೆಲ್ಲ ಹಾಗೇ ಆಯಿತು. ಐಲೀನ್ ಬೈಯುವುದನ್ನು ನಿಲ್ಲಿಸಿದಳು. ಅವಳು ಬೈಯದಿದ್ದರೆ ಭಯವಾಗುತ್ತದೆ.

ಅದರ ಮುಂದಿನ ಸೋಮವಾರ ಪಿಕಪ್ ಹತ್ತುವ ಮುಂಚೆ ವರ್ನ್ ರೈಫಲನ್ನು ನನ್ನ ಕಡೆ ಚಾಚಿದ.

"ತಗೋ. ಲೈಸೆನ್ಸ್ ನಿಂಗೂ ಇದೆಯಲ್ಲ."

"ಬೇಡ ಮಾರಾಯ. ಇದು ನಿನ್ನದು."

"ಹೊಡೆಯೋನ ಕೈಗೆ ಕೊಡ್ತಿದೀನಿ. ಲ್ಯಾಂಪು ನಾನು ಹಿಡೀತೀನಿ. ಕಂಬದ ಕೆಲಸ ತಾನೆ, ಇನ್ನೂ ಸ್ವಲ್ಪ ದಿನ ಮಾಡಬಹುದು."

ಅವನು ನನ್ನನ್ನು ಚುಚ್ಚಲು ಹಾಗೆ ಅಂದದ್ದಲ್ಲ. ತನ್ನನ್ನೇ ಚುಚ್ಚಿಕೊಂಡದ್ದು. ನಾನು ರೈಫಲ್ ತೆಗೆದುಕೊಂಡೆ. ಅದಕ್ಕೂ ಕೈ ಚಾಚಿದೆನಲ್ಲ ನಾನು!

ಅದೇ ಹೆಣ್ಣು ನರಿ ನೀರಿನ ತೊಟ್ಟಿಯ ಹತ್ತಿರ ಸಿಕ್ಕಿತು. ವರ್ನ್ ಬೆಳಕಿನ ಅಂಚು ತಾಗಿಸಿ ಕಾದ. ನಾನು ರೈಫಲಿನ ದುರ್ಬೀನಿಗೆ ಕಣ್ಣಿಟ್ಟೆ. "ಹ್ಞಾಂ" ಎಂದೆ, ನನ್ನ ದನಿ ನನಗೇ ಬೇರೆಯವರದ್ದೆನಿಸಿತು. ಪೂರ್ತಿ ಬೆಳಕು ಅದರ ಮೇಲೆ ಬಂದು ನಿಂತಿತು. ಚೂರೂ ಅಲುಗಲಿಲ್ಲ. ನರಿಯ ಕಿವಿಯ ಕೂದಲು ಎಣಿಸಬಹುದಿತ್ತು. ಅಂಥ ಬೆಳಕಿನಲ್ಲಿ ಯಾರು ಬೇಕಾದರೂ ಹೊಡೆಯಬಹುದು. ನಾನು ಹೊಡೆದೆ, ಅದು ನಿಂತಲ್ಲೇ ಕುಸಿಯಿತು.

"ಅಬ್ಬಾ!" ಐಲೀನ್ ಸ್ಟೀರಿಂಗ್ ಮೇಲೆ ಗುದ್ದಿದಳು. "ಇಷ್ಟು ದಿನ ಎಲ್ಲಿದ್ದೆ ಕ್ಲೆಮ್?"

ವರ್ನ್ ಬೆಳಕು ಆರಿಸಲಿಲ್ಲ. ಸತ್ತ ನರಿಯ ಮೇಲೆ ಹಾಗೇ ಹಿಡಿದುಕೊಂಡು ನಿಂತ. ಆಮೇಲೆ ಲ್ಯಾಂಪನ್ನು ಒಂದು ಬೆರಳಷ್ಟು ಸರಿಸಿದ. ನರಿ ಕತ್ತಲಲ್ಲಿ ಮುಳುಗಿತು. ಹಿಂದಕ್ಕೆ ತಂದ. ನರಿ ಕಾಣಿಸಿತು. ಮತ್ತೆ ಸರಿಸಿದ, ಮತ್ತೆ ತಂದ. ನಾಲ್ಕೈದು ಸಲ ಹಾಗೆ ಮಾಡಿದ. ನಾನು ರೈಫಲಿನ ಗುಂಡು ತೆಗೆಯುವ ನೆಪದಲ್ಲಿ ತಲೆ ಬಗ್ಗಿಸಿದೆ.

"ಕತ್ತಲೆ ಬರ್ತಿದ್ದದ್ದು ಹೀಗೇ," ಅಂದ, ಬಹಳ ಮೆತ್ತಗೆ. "ಇದೇ ಥರ."

ನಾನು ತೆಗೆದ ಗುಂಡನ್ನು ಜೇಬಿಗೆ ಹಾಕಿಕೊಂಡೆ.

"ಕ್ಲೆಮ್. ನನ್ನ ಮುಖ ನೋಡು."

ನೋಡಲಾಗಲಿಲ್ಲ. "ಮೂರು ಸಲ," ಅಂದೆ. "ಮೂರೇ ಸಲ ಕಣೋ. ಆಮೇಲೆ ನಾನು ಮಾಡಿಲ್ಲ, ದೇವರಾಣೆ. ಅವತ್ತು ಕ್ಲಬ್ಬಲ್ಲಿ ನೀನು ಎಲ್ಲರ ಮುಂದೆ ನನ್ನ..." ಅಷ್ಟು ಹೇಳುವಷ್ಟರಲ್ಲಿ ಆ ಕಾರಣ ನನ್ನ ಬಾಯಲ್ಲೇ ಎಷ್ಟು ಚಿಲ್ಲರೆಯಾಯಿತೆಂದರೆ ಮುಂದುವರಿಸಲಾಗಲಿಲ್ಲ.

ಹೊಡೆಯುತ್ತಾನೆ ಅಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು. ಅವನು ಲ್ಯಾಂಪು ಆರಿಸಿ, ಕತ್ತಲಲ್ಲಿ ಹೇಳಿದ, "ರಾಸ್‌ಗೆ ಆದದ್ದೇ ನಂಗೂ ಅಂತ ಜಾಯ್ಸ್‌ಗೆ ಹೇಳಿಬಿಟ್ಟಿದೀನಿ ಕಣೋ."

ಮುಂದೆ ಕೂತಿದ್ದ ಐಲೀನ್‌ಗೆ ಏನೂ ಕೇಳಿಸಿರಲಿಲ್ಲ. ಅವಳು ಇನ್ನೊಂದು ಸುತ್ತು ಹಾಕೋಣವೇ ಎಂದಳು. "ಬೇಡ," ಎಂದ ವರ್ನ್, "ನಮ್ಮನೆಗೆ ಬಿಡು. ಕ್ಲೆಮ್ ಕೂಡ ಇಳೀತಾನೆ." ನನಗೆ ಮಾತ್ರ ಕೇಳಿಸುವ ಹಾಗೆ ಹೇಳಿದ, "ಮರಿಗಳ ವಿಷಯ ಐಲೀನ್ ಹತ್ರ ನಾಳೆ ಹೇಳ್ಕೋ. ಮೊದಲು ಜಾಯ್ಸ್ ಹತ್ರ ಹೇಳು. ನಿನ್ನ ಬಾಯಲ್ಲೇ ಹೇಳು. ನಾನು ಹೇಳಿದ್ರೆ ಅವಳು ನಂಬಲ್ಲ, ಸಮಾಧಾನಕ್ಕೆ ಹೇಳ್ತಿದೀನಿ ಅಂದ್ಕೋತಾಳೆ."

ಹಾದಿಯಲ್ಲಿ ಒಂದು ಕಡೆ ಗಾಡಿ ಕುಲುಕಿ ನಾನು ಆಯತಪ್ಪಿದಾಗ ವರ್ನ್ ಅಂಗಿ ಹಿಡಿದು ನಿಲ್ಲಿಸಿದ, ತಕ್ಷಣ ಕೈಬಿಟ್ಟ.

ಜಾಯ್ಸ್ ಎದ್ದೇ ಇದ್ದಳು. ಅಡುಗೆಮನೆಯ ದೀಪ ಉರಿಯುತ್ತಿತ್ತು. ಬಾಗಿಲು ತೆರೆದವಳು ಮೊದಲು ನೋಡಿದ್ದು ವರ್ನ್‌ನ ಮುಖವನ್ನಲ್ಲ, ಅವನ ಕೈಯನ್ನು. ನಾನು ಎಲ್ಲಿ ನೋಡುವುದೆಂದು ತಿಳಿಯದೆ ಸಿಂಕಿನ ಕಡೆ ನೋಡಿದೆ. ಅಲ್ಲಿ ತೊಳೆದು ಬೋರಲು ಹಾಕಿದ್ದ ಪಾತ್ರೆಗಳ ನಡುವೆ ಎರಡು ಹಿಡಿಯ, ಮೂತಿಯಿರುವ ಪ್ಲಾಸ್ಟಿಕ್ ಲೋಟ ಇತ್ತು. ರಾಸ್‌ನದು. ಅವನು ಸತ್ತ ಮೇಲೆ ಅದು ಅಟ್ಟ ಸೇರಿತ್ತು. ಇಳಿಸಿ, ಸೋಪು ಹಾಕಿ ತೊಳೆದಿದ್ದಳು.

"ಯಾಕೆ ಇಬ್ಬರೂ ಹೀಗಿದೀರಿ?" ಅಂದಳು. "ಇವನೇನಾದ್ರೂ ಬಿದ್ನಾ?"

"ಕ್ಲೆಮ್ ಏನೋ ಹೇಳಬೇಕಂತೆ," ಅಂದ ವರ್ನ್. ಕುರ್ಚಿ ಎಳೆದು ಕೂತು, ಮೇಜಿನ ಮೇಲೆ ಎರಡೂ ಕೈ ಇಟ್ಟ.

ನಿಂತುಕೊಂಡೇ ಹೇಳಿದೆ. ಕ್ಲಬ್ಬಿನ ಮಾತು, ಲ್ಯಾಂಪು, ಒಂದು ಬೆರಳು, ಮೂರು ಸಲ, ಆರು ಮರಿ. ಅವನು ಕೆರೆ ಏರಿಯ ಮೇಲೆ ರಾಸ್‌ನ ಹೆಸರೆತ್ತಿದಾಗ ನಾನು ಬಾಯಿ ಮುಚ್ಚಿಕೊಂಡಿದ್ದು. ಏನನ್ನೂ ಬಿಡಲಿಲ್ಲ. ಅವಳು ಬೈಯಲಿ, ಬಾಗಿಲಾಚೆ ತಳ್ಳಲಿ, ಆ ಲೋಟ ಎತ್ತಿ ಮುಖಕ್ಕೆ ಎಸೆಯಲಿ ಎಂದು ಕಾದೆ.

ಅವಳು ಮೇಜಿನ ಮೇಲಿದ್ದ ವರ್ನ್‌ನ ಕೈಗಳನ್ನು ನೋಡಿದಳು. ಆಮೇಲೆ ಕೇಳಿದಳು, "ಅಂದ್ರೆ ಇವನ ಕೈಗೆ ಏನೂ ಆಗಿಲ್ವಾ?"

"ಏನೂ ಆಗಿಲ್ಲ ಜಾಯ್ಸ್."

"ಕಣ್ಣಿಗೂ?"

"ಇಲ್ಲ. ಎಲ್ಲ ನಾನೇ ಮಾಡಿದ್ದು."

ಅವಳು ಹತ್ತಿರ ಬಂದು ನನ್ನನ್ನು ತಬ್ಬಿಕೊಂಡಳು. ಭುಜಕ್ಕೆ ಮುಖ ಒತ್ತಿ ಬಿಕ್ಕಿ ಬಿಕ್ಕಿ ಅತ್ತಳು. "ಥ್ಯಾಂಕ್ಸ್ ಕ್ಲೆಮ್," ಅನ್ನುತ್ತಿದ್ದಳು, "ಥ್ಯಾಂಕ್ಸ್ ಕಣಪ್ಪ, ಥ್ಯಾಂಕ್ಸ್." ವರ್ನ್ ತಲೆ ಎತ್ತಿ ನನ್ನನ್ನು ನೋಡಿದ. ಬಿಡಿಸಿಕೊಳ್ಳುವುದು ಹೇಗೆಂದು ತಿಳಿಯದೆ ನಾನು ಕೈ ಇಳಿಬಿಟ್ಟುಕೊಂಡು ನಿಂತಿದ್ದೆ.