ಅಕ್ಕ ತುಂಬಿಟ್ಟ ಫ್ರೀಜರ್

"ಆ ಪ್ಲಗ್ಗಿಗೆ ಕೈ ಹಾಕಿದ್ರೆ ಕೈ ಮುರೀತೀನಿ, ಹೇಳಿದ್ದೀನಿ."

"ಮುರಿ ಭಾವ, ಮುರಿದೇ ಬಿಡು. ಒಳಗೆ ನಮ್ಮಕ್ಕ ಸತ್ತು ಮಲಗಿದ್ದಾಳೆ. ನಿಂಗೆ ನೋಡಿದ್ರೆ ತಂಗಳನ್ನದ ಚಿಂತೆ."

ಮೆಕ್ಯಾನಿಕ್ ಗೋಡೆಯ ಪಕ್ಕ ಮಂಡಿಯೂರಿ ಕುಳಿತಿದ್ದ. ಅವನ ಭಾವ, ಹೋದ ವರ್ಷದವರೆಗೂ ಊರ ಬಸ್ಸು ಓಡಿಸಿದ ಡ್ರೈವರ್, ಪ್ಲಗ್ಗಿಗೆ ಬೆನ್ನು ಕೊಟ್ಟು ನಿಂತಿದ್ದ. ಪಕ್ಕದಲ್ಲಿ ನಡುಮನೆಯ ಅರ್ಧ ಜಾಗ ನುಂಗಿಕೊಂಡು ಫ್ರೀಜರ್ ಗುಂಯ್ ಎನ್ನುತ್ತಿತ್ತು. ಶವ ಇಡುವ ಗಾಜಿನ ಪೆಟ್ಟಿಗೆಯನ್ನು ಬಾಡಿಗೆಗೆ ತಂದವನು ಬಾಗಿಲಲ್ಲಿ ವೈರು ಹಿಡಿದು ನಿಂತು, ಯಾರ ಮುಖವನ್ನೂ ನೋಡಲಾರದೆ ತನ್ನ ಚಪ್ಪಲಿಯನ್ನು ನೋಡುತ್ತಿದ್ದ.

ಆ ಮನೆಯಲ್ಲಿ ಅಷ್ಟು ಕರೆಂಟು ತಡೆಯುವ ಪ್ಲಗ್ಗು ಇದ್ದುದು ಅದೊಂದೇ. ಅಡುಗೆಮನೆಯ ಪ್ಲಗ್ಗಿಗೆ ಹಾಕಿ ನೋಡಿದ್ದರು, ಫ್ಯೂಸ್ ಸುಟ್ಟಿತು. ಮಲಗುವ ಕೋಣೆಯದಕ್ಕೆ ಹಾಕಿದರು, ಮತ್ತೆ ಸುಟ್ಟಿತು. ಮಗಳು ದೂರದಿಂದ ರೈಲಿನಲ್ಲಿ ಬರುತ್ತಿದ್ದಳು, ತಲುಪುವುದು ಸಂಜೆಗೆ. ಅಲ್ಲಿಯವರೆಗೆ ಈ ಬಿಸಿಲಿನಲ್ಲಿ ತಾಯಿಯ ದೇಹ ಕಾಯಬೇಕೆಂದರೆ ಗಾಜಿನ ಪೆಟ್ಟಿಗೆ ನಡೆಯಬೇಕು. ಅದು ನಡೆಯಬೇಕೆಂದರೆ ಫ್ರೀಜರ್ ನಿಲ್ಲಬೇಕು.

"ಒಂದು ಪ್ಲಗ್ಗು, ಎರಡು ಪೆಟ್ಟಿಗೆ," ಎಂದಳು ಪಕ್ಕದ ಮನೆಯ ಟೈಲರಮ್ಮ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ. "ವೈರಿಂಗ್ ಮಾಡಿಸ್ಕೊಂಡು ಸಾಯಮ್ಮ ಅಂತ ಅವಳಿಗೆ ಯಾರಾದ್ರೂ ಹೇಳಬಾರದಿತ್ತಾ?"

ಯಾರೋ ನಕ್ಕು, ನಕ್ಕದ್ದನ್ನು ಮುಚ್ಚಲು ಕೆಮ್ಮಿದರು. ಮೆಕ್ಯಾನಿಕ್ ನಗಲಿಲ್ಲ. ಎದ್ದು ಫ್ರೀಜರಿನ ಮುಚ್ಚಳ ಎತ್ತಿದ. ತಣ್ಣನೆಯ ಹೊಗೆ ಅವನ ಮುಖಕ್ಕೆ ಬಡಿಯಿತು. ಅಂಚಿನವರೆಗೂ ಡಬ್ಬಿಗಳು.

"ನೋಡು ಭಾವ. ಎದ್ದು ನಿಲ್ಲೋಕೆ ಆಗದವಳು ಇಷ್ಟನ್ನ ಹೇಗೆ ಬೇಯಿಸಿದ್ಳು? ಗೋಡೆ ಹಿಡ್ಕೊಂಡು ಬೇಯಿಸಿದ್ಳು. ಯಾರಿಗೆ? ನಿನ್ನ ಹೊಟ್ಟೆಗೆ. ನೀನು ಕಟ್ಕೊಂಡಿದ್ದು ಹೆಂಡ್ತೀನಲ್ಲ, ಅಡುಗೆಯವಳನ್ನ. ಇವತ್ತೂ ಅವಳ ದೇಹಕ್ಕಿಂತ ನಿಂಗೆ ಈ ಡಬ್ಬಿ ಹೆಚ್ಚು."

ಡ್ರೈವರ್ ಪ್ಲಗ್ಗಿಗೆ ಬೆನ್ನನ್ನು ಇನ್ನಷ್ಟು ಒತ್ತಿ ನಿಂತ. ಇದಕ್ಕೆ ಉತ್ತರ ಕೊಡದೆ ಹೆಂಡತಿಯನ್ನು ಕಳಿಸಿಕೊಟ್ಟರೆ, ತಾನು ಎತ್ತಿ ಆಡಿಸಿದ ಈ ಭಾವಮೈದ ಇನ್ನು ತನ್ನ ಹೊಸಿಲು ತುಳಿಯುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದರೇನು? ಜೀವಮಾನವಿಡೀ ಸ್ಟೇರಿಂಗ್ ಹಿಡಿದವನು. ಮಾತು ಹಿಡಿದು ಅಭ್ಯಾಸವಿಲ್ಲ.

*

ಆ ಫ್ರೀಜರ್ ಮೊದಲು ಬೀದಿ ಕೊನೆಯ ಐಸ್‌ಕ್ರೀಮ್ ಅಂಗಡಿಯಲ್ಲಿತ್ತು. ಅಂಗಡಿ ಮುಚ್ಚಿದಾಗ ಅಕ್ಕ ಕೇಳಿ ತಂದಳು. ಕೆಟ್ಟಿದ್ದ ಮೋಟಾರನ್ನು ಬಿಚ್ಚಿ ಸರಿಮಾಡಿದವನು ಮೆಕ್ಯಾನಿಕ್ಕೇ. ಆಗಿನ್ನೂ ಮೀಸೆ ಚಿಗುರುತ್ತಿದ್ದ ಹುಡುಗ. ಮುಚ್ಚಳದ ಮೇಲಿನ ಐಸ್‌ಕ್ರೀಮ್ ಚಿತ್ರವನ್ನು ಅವಳು ಕೆರೆದು ತೆಗೆಯಲು ಬಿಡಲಿಲ್ಲ. "ಇರಲಿ ಬಿಡೋ, ಬಂದೋರಿಗೆ ಆಸೆ ಹುಟ್ಟಲಿ, ತೆಗೆದು ನೋಡಿದ್ರೆ ಹುರುಳಿಕಾಯಿ" ಎಂದು ನಕ್ಕಿದ್ದಳು.

ಅವಳಿಗೆ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕೆಲಸ, ರಾತ್ರಿ ಪಾಳಿ. ಗಂಡನದು ನಸುಕಿನ ಬಸ್ಸು. ಅವಳು ಮನೆಗೆ ಬರುವ ಹೊತ್ತಿಗೆ ಅವನು ಮೊದಲ ಟ್ರಿಪ್ಪಿನಲ್ಲಿ ಇರುತ್ತಿದ್ದ. ಅವನು ಬರುವಾಗ ಅವಳು ಚೀಲ ಹೆಗಲಿಗೆ ಹಾಕಿರುತ್ತಿದ್ದಳು. ಬಾಗಿಲಲ್ಲಿ ಬೀಗದ ಕೈ ಕೈ ಬದಲಾಯಿಸುವಷ್ಟೇ ಸಂಸಾರ. ರಜೆಯ ದಿನ ಮಾತ್ರ ಇಬ್ಬರೂ ಮನೆಯಲ್ಲಿ. ಅಂದು ಅವಳು ನಾಲ್ಕು ಪಾತ್ರೆ ಒಟ್ಟಿಗೆ ಒಲೆಗೇರಿಸಿ ವಾರಕ್ಕಾಗುವಷ್ಟು ಬೇಯಿಸುತ್ತಿದ್ದಳು. ಬೇಳೆ, ಸೊಪ್ಪು, ಆಲೂಗಡ್ಡೆ, ಕುಂಬಳಕಾಯಿ, ಕೈಯಲ್ಲಿ ಕಾಸಿದ್ದಾಗ ಕೋಳಿ. ಆರಿಸಿ, ಡಬ್ಬಿಗೆ ತುಂಬಿ, ಹೊಸದನ್ನು ಅಡಿಗೆ ಹಾಕಿ ಹಳೆಯದನ್ನು ಮೇಲೆ ಇಡುತ್ತಿದ್ದಳು. ಅವನು ಕಣ್ಣು ಮುಚ್ಚಿ ಮೇಲಿನದನ್ನು ತೆಗೆದರೆ ಸಾಕು.

"ಹೇಗಿತ್ತು?" ಎಂದು ಬಾಗಿಲಲ್ಲಿ ಕೇಳುತ್ತಿದ್ದಳು.

"ಚೆನ್ನಾಗಿತ್ತು" ಎನ್ನುತ್ತಿದ್ದ ಅವನು.

ಅಷ್ಟರಲ್ಲಿ ಅವಳ ಬಸ್ಸು ಬರುತ್ತಿತ್ತು.

*

ಪ್ಲಗ್ಗನ್ನು ಕಿತ್ತವನು ಕೊನೆಗೆ ಡ್ರೈವರೇ. ಗುಂಯ್ ಎನ್ನುವುದು ನಿಂತಾಗ ಮನೆ ಒಮ್ಮೆಲೇ ಕಿವುಡಾದಂತಾಯಿತು. ಅಷ್ಟು ವರ್ಷಗಳಲ್ಲಿ ಆ ಸದ್ದಿಲ್ಲದ ನಡುಮನೆಯನ್ನು ಯಾರೂ ಕೇಳಿರಲಿಲ್ಲ.

"ಕರಗಿ ನೀರಾಗೋದಕ್ಕಿಂತ ಉಂಡು ಹೋಗ್ಲಿ," ಎಂದ. "ಬಂದೋರಿಗೆಲ್ಲ ಇದನ್ನೇ ಬಿಸಿ ಮಾಡಿ ಹಾಕಿ. ಒಂದನ್ನ ಮಾತ್ರ ನಂಗೆ ಬಿಡಿ."

ಮೇಲಿನ ಡಬ್ಬಿಯೊಂದನ್ನು ತೆಗೆದು ಟವೆಲ್ಲಿನಲ್ಲಿ ಸುತ್ತಿ, ಮಂಚದ ಕೆಳಗೆ ತಳ್ಳಿದ. ಮೆಕ್ಯಾನಿಕ್ ಅದನ್ನು ನೋಡಿ "ಹೊಟ್ಟೆಬಾಕ" ಎಂದ, ಕೇಳಿಸುವಷ್ಟೇ ಮೆಲ್ಲಗೆ.

ಗಾಜಿನ ಪೆಟ್ಟಿಗೆಯ ದೀಪ ಹೊತ್ತಿಕೊಂಡಿತು. ಅಕ್ಕನನ್ನು ಅದರೊಳಗೆ ಮಲಗಿಸಿದರು. ಟೈಲರಮ್ಮ ಡಬ್ಬಿಗಳನ್ನು ಬೀದಿಯ ಮನೆಮನೆಗೆ ಹಂಚಿ, ಅವರವರ ಒಲೆಯಲ್ಲಿ ಬಿಸಿ ಮಾಡಿಸಿದಳು. ಮಧ್ಯಾಹ್ನ ಅಂಗಳದಲ್ಲಿ ಬೆಂಚು ಹಾಕಿದರು. ಆಸ್ಪತ್ರೆಯ ಬಟ್ಟೆ ಒಗೆಯುವ ಹೆಂಗಸರು ಪಾಳಿ ಮುಗಿಸಿ ನೇರ ಅಲ್ಲಿಗೇ ಬಂದಿದ್ದರು. ಡಿಪೋದವರು ಖಾಕಿಯಲ್ಲೇ ಬಂದಿದ್ದರು. ಸತ್ತವಳ ಕೈಯಡುಗೆ ಎಂದು ಮೊದಮೊದಲು ತಟ್ಟೆ ಹಿಡಿದವರು ಹಿಂಜರಿದರು. ಆಮೇಲೆ ಹಸಿವು ಗೆದ್ದಿತು.

ಟೈಲರಮ್ಮ ಒಂದು ತುತ್ತು ಬಾಯಿಗಿಟ್ಟು ನಿಂತಳು.

"ಅಯ್ಯೋ, ಉಪ್ಪೇ ಇಲ್ವಲ್ಲ. ಪಾಪ, ಕಾಯಿಲೆಯಲ್ಲಿ ಮರೆತಿದ್ದಾಳೆ."

"ಮರೆಯೋದೇನು ಬಂತು," ಎಂದ ಮೆಕ್ಯಾನಿಕ್ ಸಿಡುಕಿನಿಂದ. "ನಮ್ಮಮ್ಮನ ಪದ್ಧತಿ ಅದು. ನಮ್ಮಪ್ಪನಿಗೆ ಉಪ್ಪು ಜಾಸ್ತಿ ಬೇಕು, ನಂಗೆ ಕಡಿಮೆ. ಅದಕ್ಕೇ ಅಮ್ಮ ಪಾತ್ರೆಗೆ ಉಪ್ಪು ಹಾಕ್ತಾನೇ ಇರ್ಲಿಲ್ಲ, ಉಣ್ಣೋವಾಗ ತಟ್ಟೆಗೆ ಹಾಕೋಳು. ಅಕ್ಕನೂ ಹಂಗೇ. ಬಿಸಿ ಮಾಡ್ಕೊಂಡು, ಹಾಕ್ಕೊಂಡು ಉಣ್ಣಬೇಕು. ಹೌದಲ್ವಾ ಭಾವ?"

ಡ್ರೈವರ್ ಬೆಂಚಿನ ತುದಿಯಲ್ಲಿ ಕುಳಿತಿದ್ದ. ಅವನ ಮುಖ ತಪ್ಪು ನಿಲ್ದಾಣದಲ್ಲಿ ಇಳಿದವನ ಮುಖದಂತಾಗಿತ್ತು.

"ಹಾಕ್ಕೋಬೇಕಿತ್ತಾ?" ಎಂದ.

"ಅಂದ್ರೆ?"

"ನಾನು... ಫ್ರೀಜರ್ ಶೀತಕ್ಕೆ ಉಪ್ಪು ಸಾಯುತ್ತೆ ಅಂದ್ಕೊಂಡಿದ್ದೆ ಕಣೋ. ಅವಳು ಮನೇಲಿದ್ದು ಬಡಿಸಿದ್ರಲ್ಲಿ ಉಪ್ಪು ಇರ್ತಿತ್ತು. ಪೆಟ್ಟಿಗೇಲಿಟ್ಟಿದ್ರಲ್ಲಿ ಇರ್ತಿರ್ಲಿಲ್ಲ."

"ಯಾವತ್ತಿಂದ?"

"ಯಾವತ್ತೂ."

ಅಂಗಳದಲ್ಲಿ ಉಣ್ಣುತ್ತಿದ್ದ ಕೈಗಳು ನಿಂತವು. ಡಿಪೋದವರಲ್ಲಿ ಒಬ್ಬ, ತಲೆ ನೆರೆತ ಕಂಡಕ್ಟರ್, ತೊಡೆ ತಟ್ಟಿದ.

"ಅದಕ್ಕಾ ಮಾರಾಯ! ನಾನೊಂದು ದಿನ ಇವನ ಡಬ್ಬಿಗೆ ಕೈ ಹಾಕಿ, ಇದೇನು ನಿನ್ನ ಹೆಂಡ್ತಿ ಆಸ್ಪತ್ರೆಯಿಂದ ರೋಗಿ ಊಟ ಕದ್ದು ತರ್ತಾಳಾ ಅಂದಿದ್ದಕ್ಕೆ, ಆರು ತಿಂಗಳು ಮಾತು ಬಿಟ್ಟಿದ್ದ. ಒಂದೇ ಬಸ್ಸಲ್ಲಿ. ಸೀಟಿ ಊದಿದ್ರೂ ನಿಲ್ಲಿಸ್ತಿರ್ಲಿಲ್ಲ."

ನಗು ಎದ್ದಿತು. ಆಸ್ಪತ್ರೆಯ ಹೆಂಗಸರು ಬಾಯಿಗೆ ಸೆರಗು ಒತ್ತಿ ನಕ್ಕರು, ನಗುತ್ತಲೇ ಅತ್ತರು. ಮೆಕ್ಯಾನಿಕ್ ಮಾತ್ರ ಅಲುಗಲಿಲ್ಲ.

"ಉಪ್ಪಿನ ಡಬ್ಬಿ ಒಲೆ ಪಕ್ಕದಲ್ಲೇ ಇದೆಯಲ್ಲ ಭಾವ. ಒಂದು ಚಿಟಿಕೆ ಹಾಕ್ಕೊಳೋಕೆ ಏನಾಗಿತ್ತು?"

"ಹಾಕ್ಕೊಂಡ್ರೆ ಅವಳ ಅಡುಗೆ ಸಾಲದು ಅಂದ ಹಾಗಲ್ವೇನೋ? ರಾತ್ರಿಯಿಡೀ ಊರವರ ಹೊಲಸು ಬಟ್ಟೆ ಒಗೆದು ಬರೋಳು. ಇರೋ ಒಂದು ರಜೇಲೂ ಒಲೆ ಮುಂದೆ ನಿಲ್ಲೋಳು. ಅದರ ಮೇಲೆ ನಾನು ಉಪ್ಪಿಲ್ಲ, ಹುಳಿಯಿಲ್ಲ ಅನ್ಲಾ?"

ಮೆಕ್ಯಾನಿಕ್ ತಟ್ಟೆಯನ್ನು ಕೆಳಗಿಟ್ಟ. ನಲ್ಲಿಯ ಕಡೆ ಹೋಗಿ ಬಹಳ ಹೊತ್ತು ಕೈ ತೊಳೆದ.

*

ಹೋದ ತಿಂಗಳು ಅಕ್ಕ ಆಸ್ಪತ್ರೆಯಿಂದ ಮನೆಗೆ ಬಂದಳು. ಇನ್ನೇನೂ ಮಾಡುವುದಕ್ಕಿಲ್ಲ ಎಂದು ಕಳಿಸಿದ್ದರು. ಮರುದಿನವೇ ಸ್ಟೂಲು ಎಳೆದುಕೊಂಡು ಒಲೆಯ ಮುಂದೆ ಕುಳಿತಳು.

"ಬೇಡ ಕಣೇ, ಮಲಕ್ಕೋ," ಎಂದ ಡ್ರೈವರ್.

"ಮಲಗೋದು ಇದ್ದೇ ಇದೆ. ಆ ಕುಂಬಳಕಾಯಿ ಹೆಚ್ಚು."

"ನಾನು ಹೋಟ್ಲಲ್ಲಿ ಉಣ್ತೀನಿ."

"ಹೋಟ್ಲಂತೆ. ಅವರ ಎಣ್ಣೆ ನಿಂಗೆ ಆಗಲ್ಲ. ಸುಮ್ಮನೆ ಹೆಚ್ಚು, ಹೋಳು ಅಷ್ಟು ದಪ್ಪ ಬೇಡ, ಬಸ್ಸಿನ ಗಾಲಿಗೆ ಕಲ್ಲು ಕೊಡೋ ಹಾಗೆ." ಅವನು ಸಣ್ಣದಾಗಿ ಹೆಚ್ಚಿದ. ಅವಳು ಕಣ್ಣು ಮುಚ್ಚಿ ಗೋಡೆಗೊರಗಿದಳು. ಸೌಟು ಮಾತ್ರ ಬಿಡಲಿಲ್ಲ. "ಇಷ್ಟು ಖಾಲಿ ಆಗೋವರೆಗಾದ್ರೂ ನಾನು ಮನೇಲಿ ಇರ್ತೀನಲ್ಲ," ಎಂದಳು.

ಅವನು ಹೆಚ್ಚುತ್ತಲೇ ಇದ್ದ. ದಿನವೂ ಹೆಚ್ಚಿದ.

*

ಸಂಜೆ ಮಗಳು ಬಂದಳು. ಗಾಜಿನ ಮೇಲೆ ಕೆನ್ನೆಯಿಟ್ಟು ಅತ್ತಳು. ಆಮೇಲೆ ಎಲ್ಲರೂ ಅಕ್ಕನನ್ನು ಕರೆದುಕೊಂಡು ಹೋದರು; ತಿರುಗಿ ಬರುವಾಗ ಅವಳೊಬ್ಬಳು ಇರಲಿಲ್ಲ.

ಪೆಟ್ಟಿಗೆಯವನು ತನ್ನ ಪೆಟ್ಟಿಗೆ ಒಯ್ದಿದ್ದ. ಪ್ಲಗ್ಗು ಖಾಲಿಯಿತ್ತು. ಮೆಕ್ಯಾನಿಕ್ ಮತ್ತೆ ಮಂಡಿಯೂರಿ ಫ್ರೀಜರಿನ ವೈರನ್ನು ಅದಕ್ಕೆ ಚುಚ್ಚಿದ. ಗುಂಯ್ ಎಂದಿತು.

"ಖಾಲಿ ಫ್ರೀಜರ್ ಯಾಕೆ ಮಾವ?" ಎಂದಳು ಮಗಳು.

"ನಿಲ್ಲಿಸಿಟ್ರೆ ಗ್ಯಾಸು ಹೋಗುತ್ತೆ ಕಣಮ್ಮ," ಎಂದ. ಅದು ಸುಳ್ಳೆಂದು ಅವನಷ್ಟು ಚೆನ್ನಾಗಿ ಬಲ್ಲವರು ಆ ಮನೆಯಲ್ಲಿ ಇರಲಿಲ್ಲ.

ಮಂಚದ ಕೆಳಗಿನ ಡಬ್ಬಿಯನ್ನು ಅವನೇ ತೆಗೆದ. ಟವೆಲ್ಲು ಒದ್ದೆಯಾಗಿತ್ತು. ಒಳಗೆ ಕುಂಬಳಕಾಯಿ ಮತ್ತು ಬೇಳೆ. ಹೋಳುಗಳು ಒಂದು ದಪ್ಪ, ಒಂದು ಸಣ್ಣ. ಇದು ಅಕ್ಕ ಹೆಚ್ಚಿದ್ದಲ್ಲ ಎಂದು ಅವನಿಗೆ ನೋಡಿದ ಕೂಡಲೇ ತಿಳಿಯಿತು. ಪಾತ್ರೆಗೆ ಸುರಿದು, ತಳ ಹತ್ತದಂತೆ ತಿರುವುತ್ತ ಬಿಸಿ ಮಾಡಿದ. ಅನ್ನದ ಪಕ್ಕ ಬಡಿಸಿ ಭಾವನ ಮುಂದಿಟ್ಟ. ಆಮೇಲೆ ಒಲೆಯ ಪಕ್ಕದ ಡಬ್ಬಿಯಿಂದ ಒಂದು ಚಿಟಿಕೆ ಉಪ್ಪು ತೆಗೆದುಕೊಂಡು ಬಂದ, ಅವರಮ್ಮ ತರುತ್ತಿದ್ದಂತೆ, ಮೂರು ಬೆರಳಲ್ಲಿ.

ಡ್ರೈವರ್ ತಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿದ.

"ಬೇಡ ಕಣೋ. ನಂಗೆ ಅವಳ ರುಚಿ ಇದೇ."

ಮೆಕ್ಯಾನಿಕ್ ಬೆರಳುಗಳನ್ನು ಹಾಗೇ ಹಿಡಿದು ನಿಂತಿದ್ದ. ಡ್ರೈವರ್ ಒಂದು ತುತ್ತು ಕಲಸಿ ಬಾಯಿಗಿಟ್ಟು, ನಿಧಾನವಾಗಿ ಅಗಿದ.

"ಹೇಗಿದೆ ಭಾವ?"

"ಚೆನ್ನಾಗಿದೆ."

ಮೆಕ್ಯಾನಿಕ್ ತಲೆಯಾಡಿಸಿದ. ಉಪ್ಪಿದ್ದ ಕೈಯನ್ನು ಮುಷ್ಟಿ ಮಾಡಿದ. ಹೊಸಿಲು ದಾಟಿ, ಅಂಗಳದ ಬೆಂಚು ದಾಟಿ, ಗೇಟಿನ ಬಳಿ ನಿಲ್ಲಿಸಿದ್ದ ತನ್ನ ಸ್ಕೂಟರನ್ನೂ ದಾಟಿ, ಬೀದಿಯಲ್ಲಿ ನಡೆದುಹೋದ.

"ಮಾವ ಎಲ್ಲಿಗೆ ಹೋದ್ರು ಅಪ್ಪ?"

"ಅತ್ಕೊಂಡು ಬರ್ತಾನೆ," ಎಂದ ಡ್ರೈವರ್, ತಟ್ಟೆಯಿಂದ ಕಣ್ಣೆತ್ತದೆ.

ಅವನು ತಟ್ಟೆ ಬಳಿದು ಉಂಡು, ಡಬ್ಬಿ ತೊಳೆದು, ಒರೆಸಿ, ಎಂದಿನಂತೆ ಫ್ರೀಜರಿನ ಮುಚ್ಚಳದ ಮೇಲೆ, ಮಾಸಿದ ಐಸ್‌ಕ್ರೀಮಿನ ಚಿತ್ರದ ಪಕ್ಕ ಬೋರಲು ಹಾಕಿದ. ಹೊರಗೆ ಬೀದಿದೀಪ ಉರಿಯುತ್ತಿತ್ತು. ಗೇಟಿನಲ್ಲಿ ಸ್ಕೂಟರ್ ನಿಂತೇ ಇತ್ತು, ಬೀಗದ ಕೈ ಅದರಲ್ಲೇ ನೇತಾಡುತ್ತಿತ್ತು.