ಹಳ್ಳದ ನೀರು ಎಲ್ಲಿಯವರೆಗೆ

ಶಶಿಕಲಾ ಸೇಲಂನ ಒಂದು ಖಾಸಗಿ ಕಚೇರಿಯಲ್ಲಿ ಇಂಜಿನಿಯರ್. ಕಂಬೈನಲ್ಲೂರಿನ ಹತ್ತಿರ ಹರಿಯುವ ಹಳ್ಳಕ್ಕೆ ದೊಡ್ಡ ಪ್ರವಾಹ ಬಂದರೆ ನೀರು ಎಲ್ಲಿಯವರೆಗೆ ಏರುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ, ನಕ್ಷೆಯ ಮೇಲೆ ಒಂದು ಗೆರೆ ಎಳೆದುಕೊಡುವ ಕೆಲಸ ಅವಳ ಪಾಲಿಗೆ ಬಂದಿತ್ತು. ಗೆರೆಯೊಳಗೆ ಬಿದ್ದ ಮನೆಗಳನ್ನು ಸರ್ಕಾರ ಬೇರೆ ಕಡೆಗೆ ಸಾಗಿಸುತ್ತದೆ. ಆ ಹಳ್ಳದ ತಿರುವಿನಲ್ಲೇ ಮುನಿಯಪ್ಪನ ಕೊಟ್ಟಾಯ್ ಎಂಬ ಪುಟ್ಟ ಊರು. ಅವಳ ಚಿಕ್ಕಮ್ಮ ಮುನಿರತ್ನಮ್ಮ, ಚಿಕ್ಕಪ್ಪ ಮಾದಪ್ಪ ಇದ್ದದ್ದು ಅಲ್ಲಿಯೇ.

ಮೊದಲ ಸಲ ಲೆಕ್ಕ ಓಡಿಸಿದಾಗ ಊರಿಗೆ ಊರೇ ನೀಲಿಯಾಯಿತು. ದೇವಸ್ಥಾನದ ಬೀದಿಯಲ್ಲಿ ಎದೆಮಟ್ಟದ ನೀರು. ಸುದ್ದಿ ಹೇಗೋ ಊರಿಗೆ ಮುಟ್ಟಿ, ಚಿಕ್ಕಮ್ಮನ ಫೋನು ಬಂದೇ ಬಂತು.

"ಏನ್ ಶಶೀ, ನಮ್ಮೂರ್ನೆಲ್ಲ ಆ ಕರಡು ಗುಡ್ಡದ ಮೇಲಕ್ಕೆ ಆಕ್ತಾರಂತೆ? ಅಲ್ಲಿ ಒಂದ್ ಕೊಡ ನೀರಿಲ್ಲ. ಬರೀ ಕಲ್ಲು. ಕಂಪ್ಯೂಟರ್ನಾಗೆ ಬರೆಯೋಳು ನೀನೇ ಅಂತಾರೆ. ನಿಜವಾ?"

"ಇನ್ನೂ ಮುಗಿದಿಲ್ಲ ಚಿಕ್ಕಮ್ಮ. ಮುಗಿದ ಮೇಲೆ ನಾನೇ ಬಂದು ಹೇಳ್ತೀನಿ," ಎಂದು ಶಶಿಕಲಾ ಫೋನಿಟ್ಟಳು. ಆದರೆ ಆ ನೀಲಿ ಬಣ್ಣ ಅವಳ ಕಣ್ಣೆದುರಿನಿಂದ ಹೋಗಲಿಲ್ಲ. ಚಿಕ್ಕಂದಿನಲ್ಲಿ ರಜೆಗೆ ಹೋಗಿ ಆಡಿದ ಹಳ್ಳ ಅದು. ತಿರುವಿನಲ್ಲಿ ಬಂಡೆಗೆ ಬಡಿದ ನೀರು ಗಿರ್ರನೆ ಸುತ್ತಿ ಹಿಂದಕ್ಕೆ ಬರುತ್ತಿತ್ತು. ಎಸೆದ ಕಡ್ಡಿ ತಿರುತಿರುಗಿ ಕಾಲ ಬಳಿಗೇ ಬಂದು ನಿಲ್ಲುತ್ತಿತ್ತು. ಪರದೆಯ ಮೇಲಿನ ನೀರಿನಲ್ಲಿ ಅಂಥ ಒಂದು ಸುಳಿಯೂ ಇರಲಿಲ್ಲ. ಅದು ಗಟ್ಟಿ ಗಂಜಿಯ ಹಾಗೆ, ಇಡೀ ಮೈಯನ್ನೇ ಎಳೆದುಕೊಂಡು, ನಿಧಾನವಾಗಿ ಜರುಗುತ್ತಿತ್ತು.

ಅವಳು ಒಂದೊಂದೇ ಸೆಟ್ಟಿಂಗ್ ತೆರೆದು ನೋಡಿದಳು. ಈ ಸಾಫ್ಟ್‌ವೇರಿನಲ್ಲಿ ಎಡ್ಡಿ ವಿಸ್ಕಾಸಿಟಿ ಎಂಬುದೊಂದಿದೆ. ಹರಿಯುವ ನೀರಿನೊಳಗಿನ ಸಣ್ಣಪುಟ್ಟ ಸುಳಿಗಳು ವೇಗದ ನೀರನ್ನೂ ನಿಧಾನದ ನೀರನ್ನೂ ಎಷ್ಟು ಬೆರೆಸುತ್ತವೆ, ಒಂದು ಇನ್ನೊಂದನ್ನು ಎಷ್ಟು ಹಿಡಿದೆಳೆಯುತ್ತದೆ ಎಂದು ಹೇಳುವ ಅಂಕಿ ಅದು. ಅಳತೆ ಮೀರಿದರೆ ದೊಡ್ಡ ಸುಳಿಗಳೇ ಅಳಿಸಿಹೋಗಿ, ನೀರು ಮುಂದೆ ಸಾಗದೆ ಮೇಲಕ್ಕೇರುತ್ತದೆ. ಅಲ್ಲಿದ್ದ ಅಂಕಿ ಒಂದು ದೊಡ್ಡ ಕೆರೆಯ ಹಳೆಯ ಯೋಜನೆಯದು. ಆ ಫೈಲನ್ನು ನಕಲು ಮಾಡಿ ಹೊಸ ಕೆಲಸ ಶುರುಮಾಡಿದಾಗ ಅಂಕಿಯೂ ಜೊತೆಗೇ ಬಂದುಬಿಟ್ಟಿತ್ತು. ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಅದರ ಮೇಲೆ ನೆಲದ ಒರಟುತನಕ್ಕೂ ಮರಳು, ಹೊಲ, ಪೊದೆ ಎಂಬ ಭೇದವಿಲ್ಲದೆ ಎಲ್ಲ ಕಡೆಗೂ ಒಂದೇ ಅಂಕಿ ಹಾಕಿದ್ದರು.

ಅವಳು ಹೋಗಿ ತನ್ನ ಮೇಲಧಿಕಾರಿ ಸುಬ್ಬರಾಯನ್ ಅವರಿಗೆ ವಿಷಯ ತಿಳಿಸಿದಳು. ಅವರು ಕನ್ನಡಕ ತೆಗೆದು ಒರೆಸಿದರು.

"ಅದು ನಿಮ್ಮ ಚಿಕ್ಕಮ್ಮನ ಊರಲ್ಲವಾ ಶಶಿಕಲಾ?"

"ಹೌದು ಸಾರ್."

"ಅಂಕಿ ತಪ್ಪಿದ್ದರೆ ಬದಲಾಯಿಸಬೇಕಾದ್ದೇ. ಆದರೆ ಊರು ಉಳಿಯಲಿ ಅಂತ ಬದಲಾಯಿಸಿದರು ಅನ್ನೋ ಮಾತು ಬರಬಾರದು. ನಿಮ್ಮ ಮನಸ್ಸಿಗೂ ಬರಬಾರದು."

ಆ ಮಾತು ಅವಳಿಗೆ ಚುಚ್ಚಿತು. ಸುಳ್ಳಲ್ಲವಲ್ಲ, ಅದಕ್ಕೇ ಚುಚ್ಚಿತು. ಮಾರನೆಯ ದಿನವೇ ಅವಳು ಊರಿನ ಬಸ್ಸು ಹತ್ತಿದಳು.

ಕೆಲವು ವರ್ಷಗಳ ಹಿಂದಿನ ಪ್ರವಾಹದ ಕೆಸರುಗೆರೆ ಸೇತುವೆಯ ಕಂಬದ ಮೇಲೂ ಪಂಪ್‌ಸೆಟ್ ಕೋಣೆಯ ಗೋಡೆಯ ಮೇಲೂ ಇನ್ನೂ ಮಾಸಿರಲಿಲ್ಲ. ಅವಳು ಟೇಪು ಹಿಡಿದು ಎರಡನ್ನೂ ಅಳೆದುಕೊಂಡಳು. ದಡದಲ್ಲಿ ನಡೆದುಹೋಗಿ ಎಲ್ಲಿ ಮರಳಿದೆ, ಎಲ್ಲಿ ಬಂಡೆ, ಎಲ್ಲಿ ಹೊಲ ಎಂದು ಫೋಟೋ ತೆಗೆದುಕೊಂಡಳು. ಮೊದಲೆಲ್ಲ ಮನುಷ್ಯ ನುಗ್ಗಲಾರದಷ್ಟು ದಟ್ಟವಾಗಿದ್ದ ಸೀಮೆಜಾಲಿಯನ್ನು ಆ ವರ್ಷ ಬೋಳಾಗಿ ಕಡಿದುಹಾಕಿದ್ದರು. ಆದರೆ ಬೊಡ್ಡೆಗಳಲ್ಲಿ ಆಗಲೇ ಹಸಿರು ಚಿಗುರು ಕಾಣುತ್ತಿತ್ತು.

ಕಚೇರಿಗೆ ಮರಳಿ ಅವಳು, ಊರು ಉಳಿಯಲಿ ಎಂಬ ಆಸೆ ಅಂಕಿಗಳಿಗೆ ತಾಗದಿರಲೆಂದು, ಊರಿನ ಭಾಗ ತನ್ನ ಕಣ್ಣಿಗೆ ಬೀಳದಂತೆ ಪರದೆಯ ಮೇಲೆ ಮರೆಮಾಡಿಟ್ಟಳು. ಮೊದಲು ಹಳೆಯ ಪ್ರವಾಹವನ್ನು ಓಡಿಸಿದಳು. ಹಳೆಯ ಅಂಕಿಗಳಲ್ಲಿ ಪಂಪ್‌ಸೆಟ್ ಕೋಣೆ ಮಾಡಿನವರೆಗೂ ಮುಳುಗಿತು. ಗೋಡೆಯ ಮೇಲಿದ್ದ ನಿಜವಾದ ಕಲೆ ಮೊಣಕಾಲೆತ್ತರ. ಸುಳಿಯ ಅಂಕಿಯನ್ನು ಆ ಸಣ್ಣ ಹಳ್ಳಕ್ಕೆ ತಕ್ಕಂತೆ ತಗ್ಗಿಸಿ, ಮರಳಿಗೆ, ಬಂಡೆಗೆ, ಹೊಲಕ್ಕೆ, ಆಗ ಇದ್ದ ಜಾಲಿಗೆ ಬೇರೆ ಬೇರೆ ಒರಟುತನ ಕೊಟ್ಟಳು. ತಿರುವಿನಲ್ಲಿ ಸುಳಿ ಎದ್ದಿತು. ನೀರು ಪಂಪ್‌ಸೆಟ್ ಕೋಣೆಯಲ್ಲಿ ಮೊಣಕಾಲ ಹತ್ತಿರ ನಿಂತಿತು. ಸೇತುವೆಯ ಕಂಬದಲ್ಲೂ ಕಲೆಯ ಹತ್ತಿರಕ್ಕೇ ಬಂತು. ಆಮೇಲೆ ಅದೇ ಅಂಕಿಗಳಲ್ಲಿ ದೊಡ್ಡ ಪ್ರವಾಹವನ್ನು ಬಿಟ್ಟು, ಊರಿನ ಮೇಲಿನ ಮರೆ ತೆಗೆದಳು. ದೇವಸ್ಥಾನದ ಬೀದಿ ಒಣಗಿತ್ತು! ಊರು ಕದಲಬೇಕಾಗಿರಲಿಲ್ಲ.

ಆದರೆ ಹಳ್ಳದ ಕಡೆಗಿನ ಕೆಳಗಿನ ಸಾಲಿನ ಪ್ರಶ್ನೆ ಉಳಿದಿತ್ತು. ದಡ ಈಗಿನಂತೆ ಬೋಳಾಗಿದ್ದರೆ ಆ ಮನೆಗಳ ಹೊಸ್ತಿಲಲ್ಲೇ ನೀರು ನಿಲ್ಲುತ್ತಿತ್ತು. ಜಾಲಿ ಮತ್ತೆ ಬೆಳೆದರೆ ಒಳಗೆ ನುಗ್ಗುತ್ತಿತ್ತು. ಆ ಸಾಲಿನ ತುದಿಯ ಮನೆ ಮುನಿರತ್ನಮ್ಮನದು.

ಬೋಳು ದಡದ ಅಂಕಿ ಹಾಕಿದ್ದರೆ ಯಾರೂ ಕೇಳುತ್ತಿರಲಿಲ್ಲ. ಫೋಟೋಗಳೇ ಇದ್ದವು. ಶಶಿಕಲಾಗೆ ಮಾತ್ರ ಆ ಹಸಿರು ಚಿಗುರು ನೆನಪಾಯಿತು. ಜಾಲಿ ಬೆಳೆದ ದಡದ ಒರಟು ಅಂಕಿಯನ್ನೇ ಹಾಕಿ, ಕೆಳಗಿನ ಸಾಲನ್ನು ಗೆರೆಯೊಳಗೆ ಸೇರಿಸಿ ಕೊಟ್ಟಳು. ಸುಬ್ಬರಾಯನ್ ಓದಿ ಸಹಿ ಹಾಕಿದರು.

ಚಿಕ್ಕಮ್ಮನಿಗೆ ಅವಳು ಖುದ್ದಾಗಿ ಹೋಗಿ ಹೇಳಿದಳು. ಮುನಿರತ್ನಮ್ಮ ಮೊರವನ್ನು ಕೆಳಗಿಟ್ಟಳು.

"ಊರ್ನೆಲ್ಲ ಉಳ್ಸಿ ನನ್ ಮನೆ ಮುಳುಗಿಸಿದ್ಯಾ? ನಲ್ಲಾ ಇರುಕ್ಕು, ಚೆನ್ನಾಗೈತೆ! ಸ್ವಂತ ಅಕ್ಕನ ಮಗಳು!"

"ಮಳೆಗಾಲ ಮುಗಿಯೋ ತನಕ ಮೇಲಿನ ದೇವಸ್ಥಾನದ ಬೀದೀಲಿ ಇರು ಚಿಕ್ಕಮ್ಮ. ಮನೆಗೆ ಜಾಗ ಅಲ್ಲೇ ಕೊಡ್ಸೋಕೆ ಸರ್ಕಾರಕ್ಕೆ ಬರ್ದಿದ್ದೀವಿ. ನನ್ ಮೇಲೆ ಕೋಪ ಇದ್ರೆ ಇರ್ಲಿ. ಇಲ್ಲಿ ಮಾತ್ರ ಇರ್ಬೇಡ."

"ಓಗೇ, ಓಗು," ಎಂದು ಚಿಕ್ಕಮ್ಮ ಒಳಗೆ ಹೋದಳು. ಮಾದಪ್ಪ ಮಾತ್ರ ಬಸ್ಸಿನ ತನಕ ಜೊತೆಗೆ ಬಂದ. "ನಾನ್ ಒಪ್ಪಿಸ್ತೀನಿ. ನೀನ್ ಕವಲೆ ಪಡ್ಬೇಡ, ಚಿಂತೆ ಬಿಡು," ಎಂದ. ಅವನು ಹೇಗೆ ಒಪ್ಪಿಸಿದನೋ, ಐಪ್ಪಸಿ ತಿಂಗಳ ಮಳೆ ಹಿಡಿಯುವ ಹೊತ್ತಿಗೆ ಗಂಡಹೆಂಡಿರು ಮೇಲಿನ ಬೀದಿಯ ನೆಂಟರ ಮನೆಗೆ ಸಾಮಾನು ಸಾಗಿಸಿದ್ದರು. ಅವರನ್ನು ನೋಡಿ ಆ ಸಾಲಿನ ಉಳಿದವರೂ ಎದ್ದರು.

ಆ ವರ್ಷ ಕಾರ್ತಿಕದಲ್ಲಿ ಚಂಡಮಾರುತದ ಮಳೆ ಹುಯ್ಯಿತು. ಯಾರೂ ನೆನೆಸದಂಥ ಮಳೆ. ಬೆಳಿಗ್ಗೆ ಹಳ್ಳ ಉಕ್ಕಿದೆ ಎಂದು ಟಿವಿಯಲ್ಲಿ ಬಂತು. ಶಶಿಕಲಾ ಫೋನು ಮಾಡಿದಳು. ಯಾರ ಫೋನೂ ಹತ್ತಲಿಲ್ಲ. ಮೇಲಿನ ಬೀದಿ ಒಣಗಿರುತ್ತದೆ ಎಂದು ಬರೆದುಕೊಟ್ಟವಳು ತಾನು. ಒಂದು ಅಂಕಿ ತಪ್ಪಿದ್ದರೆ? ಬಸ್ಸು ಬಿಟ್ಟ ಕೂಡಲೇ ಹೊರಟವಳು ದಾರಿಯುದ್ದಕ್ಕೂ ಮತ್ತೆ ಮತ್ತೆ ಫೋನು ಮಾಡಿದಳು. ಸೇತುವೆಯ ಬಳಿ ಬಸ್ಸು ನಿಂತುಬಿಟ್ಟಿತು. ಸುತ್ತುಬಳಸಿ ಹೊಲದ ಬದುವಿನ ಮೇಲೆ ನಡೆದು, ಮಧ್ಯಾಹ್ನಕ್ಕೆ ಊರು ಸೇರಿದಳು.

ಹಳ್ಳ ಕೆಂಪಗೆ ಮೊರೆಯುತ್ತಿತ್ತು. ಸೊಂಟದೆತ್ತರ ಚಿಗುರಿದ್ದ ಜಾಲಿ ಕಸಕಡ್ಡಿ ಹಿಡಿದುಕೊಂಡು ನೀರನ್ನು ದಡಕ್ಕೆ ತಳ್ಳುತ್ತಿತ್ತು. ಕೆಳಗಿನ ಸಾಲಿನ ಮನೆಗಳಲ್ಲಿ ಕಿಟಕಿಯವರೆಗೂ ನೀರು. ಅದರ ಮೇಲೆ ಏರು. ಏರಿನ ಮೇಲೆ ದೇವಸ್ಥಾನದ ಬೀದಿ. ಅಲ್ಲಿ ಮಳೆಗೆ ನೆನೆದ ನೆಲವಿತ್ತು, ಕೋಳಿಗಳಿದ್ದವು, ಜಗಲಿಯ ಮೇಲೆ ಜನ ಕೂತಿದ್ದರು. ಹಳ್ಳದ ನೀರು ಬಂದಿರಲಿಲ್ಲ.

ಮುನಿರತ್ನಮ್ಮ ಒಲೆಯ ಮುಂದಿದ್ದಳು. ಶಶಿಕಲಾಳನ್ನು ಕಂಡದ್ದೇ ಓಡಿಬಂದು, ಒದ್ದೆ ಬಟ್ಟೆಯನ್ನೂ ಲೆಕ್ಕಿಸದೆ ತಬ್ಬಿಕೊಂಡಳು.

"ವಿಡಿಯಕಾಲೆ, ಕೋಳಿ ಕೂಗೋ ಒತ್ತಿಗೆ ಬಂತು ಕಣೇ ನೀರು. ಎಲ್ರೂ ಮಲಗಿರೋ ಒತ್ತು. ನಾವು ಅಲ್ಲೇ ಇದ್ದಿದ್ರೆ..."

"ಯಾರ್ಗೂ ಏನೂ ಆಗಿಲ್ಲ ತಾನೇ?"

"ಯಾರ್ಗೂ ಇಲ್ಲ. ದನಾನೂ ಮೇಲೇ ಐತೆ. ಮನೆ ಓದ್ರೆ ಓಗ್ಲಿ ಬಿಡು."

ಮಾದಪ್ಪ ಒಣಗಿದ ಟವೆಲು ತಂದುಕೊಟ್ಟ. ಯಾರದೋ ಚಾರ್ಜಿದ್ದ ಫೋನಿನಿಂದ ಶಶಿಕಲಾ ಸುಬ್ಬರಾಯನ್‌ಗೆ ಕರೆ ಮಾಡಿ, "ಸಾರ್, ಎಲ್ಲರೂ ಕ್ಷೇಮ. ನೀರು ಗೆರೆ ದಾಟಿಲ್ಲ," ಎಂದಳು. ಆ ಕಡೆಯಿಂದ ಒಂದು ದೀರ್ಘ ಉಸಿರು ಕೇಳಿಸಿತು, ಆಮೇಲೆ ನಗು. "ಬೆಳಿಗ್ಗೆಯಿಂದ ನಾನೂ ಕಾಫಿ ಕುಡಿದಿಲ್ಲಮ್ಮ," ಎಂದರು.

ಚಿಕ್ಕಮ್ಮ ಬಿಸಿ ಮುದ್ದೆ, ಉಪ್ಪುಸಾರು ಬಡಿಸಿದಳು. ಎರಡನೆಯ ಮುದ್ದೆ ಬೇಡವೆನ್ನುವಷ್ಟರಲ್ಲಿ ಶಶಿಕಲಾಗೆ ತೂಕಡಿಕೆ ಬಂತು. ಹೊರಗೆ ಜಗಲಿಯಲ್ಲಿ ಯಾರೋ ನೀರು ಒಂದು ಗೇಣು ಇಳಿದಿದೆ ಎಂದು ಕೂಗಿ ಹೇಳಿದರು. ಅವಳು ಕೈ ತೊಳೆದು, ಗೋಡೆಗೊರಗಿ, ಹಾಡುಹಗಲೇ ನಿದ್ದೆಹೋದಳು.